ಹೊಗೆಯನ್ನು ದುಡಿಸಿದ ಆಲ್ಫ್ರೆಡ್ ಬ್ಯೂಖಿ

ಅಂಕೋಲೆಯಿಂದ ಹುಬ್ಬಳ್ಳಿಯ ಕಡೆಗೆ ಹೊರಟ ಲಾರಿಗಳು ಅರಬೈಲ್ ಘಟ್ಟವನ್ನು ಏರುವಾಗ ಎಂಜಿನ್ನಿನ ಗದ್ದಲದ ನಡುವೆ ಸಣ್ಣದೊಂದು ಸಿಳ್ಳಿನ ದನಿ ಕೇಳಿಬರುತ್ತದೆ. ಚಿಕ್ಕಂದಿನಲ್ಲಿ ನಾನು ಅದನ್ನು ಬ್ರೇಕಿನ ಗಾಳಿಯ ಸದ್ದೆಂದೇ ತಿಳಿದಿದ್ದೆ. ಅದು ಟರ್ಬೋಚಾರ್ಜರಿನ ದನಿಯೆಂದು ತಿಳಿಸಿಕೊಟ್ಟವನು ನನ್ನ ಅಣ್ಣ. ಅವನದು ಅಂಕೋಲೆಯಲ್ಲಿ ಒಂದು ಚಿಕ್ಕ ಗ್ಯಾರೇಜು. ಆ ಯಂತ್ರದ ಮೂಲಪುರುಷನ ಚರಿತ್ರೆಯನ್ನು ನಾನು ಹುಡುಕಿ ಓದುವಂತಾದದ್ದು ಅಣ್ಣನಿಗೆ ಒದಗಿದ ಒಂದು ಕಷ್ಟದಿಂದ. ಕಲಾವಿಭಾಗದ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಲೇಖನ ಮುಗಿಯುವುದರೊಳಗೆ ಉತ್ತರ ದೊರಕೀತೆಂದು ನಂಬಿದ್ದೇನೆ.

ಆಲ್ಫ್ರೆಡ್ ಬ್ಯೂಖಿ ಹುಟ್ಟಿದ್ದು 1879ನೆಯ ಇಸವಿ ಜುಲೈ 11ರಂದು, ಸ್ವಿಟ್ಜರ್ಲೆಂಡ್ ದೇಶದ ವಿಂಟರ್ಟೂರ್ ಪಟ್ಟಣದಲ್ಲಿ. ಆತನ ತಂದೆ ಅದೇ ಊರಿನ ಸುಲ್ಝರ್ ಯಂತ್ರ ಕಾರ್ಖಾನೆಯಲ್ಲಿ ದೊಡ್ಡ ಅಧಿಕಾರಿ. ಹೀಗಾಗಿ ಹುಡುಗನು ಯಂತ್ರಗಳ ಸದ್ದಿನಲ್ಲಿಯೇ ಬೆಳೆದನು. ಯೋಗಾಯೋಗವೆಂಬಂತೆ, ಆತ ಹುಟ್ಟಿದ 1879ರಲ್ಲಿಯೇ ರುಡಾಲ್ಫ್ ಡೀಸೆಲ್ ಎಂಬ ತರುಣನು ಕೈಕೆಲಸದ ಅನುಭವ ಪಡೆಯಲು ಅದೇ ಸುಲ್ಝರ್ ಕಾರ್ಖಾನೆಗೆ ಬಂದಿದ್ದನು. ಒಬ್ಬನು ಮುಂದೆ ತನ್ನ ಹೆಸರಿನ ಎಂಜಿನ್ನನ್ನು ಜಗತ್ತಿಗೆ ಕೊಟ್ಟನು. ಇನ್ನೊಬ್ಬನು ಆ ಎಂಜಿನ್ನಿಗೆ ಹೊಸ ಉಸಿರನ್ನು ಕೊಟ್ಟನು.

ಬ್ಯೂಖಿ ಝೂರಿಕ್ಕಿನ ತಾಂತ್ರಿಕ ವಿದ್ಯಾಲಯದಲ್ಲಿ ಯಂತ್ರಶಾಸ್ತ್ರವನ್ನು ಓದಿ 1903ರಲ್ಲಿ ಪದವೀಧರನಾದನು. ಬಳಿಕ ಬೆಲ್ಜಿಯಮ್ಮಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕೆಲಸ ಮಾಡಿದನು. ಈ ದಿನಗಳಲ್ಲಿ ಒಂದು ಪ್ರಶ್ನೆ ಆತನನ್ನು ಕಾಡತೊಡಗಿತು. ಎಂಜಿನ್ನಿನಲ್ಲಿ ಉರಿದ ಎಣ್ಣೆಯ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಬಿಸಿ ಹೊಗೆಯಾಗಿ ಹೊರಗೆ ಹೋಗಿಬಿಡುತ್ತದೆ. ನಾವು ಕಾಸು ಕೊಟ್ಟು ಕೊಂಡ ಎಣ್ಣೆ ಗಾಳಿಗೆ ಸೇರುತ್ತದೆ. ಈ ಹೊಗೆಯನ್ನೇ ದುಡಿಸಿದರೆ ಹೇಗೆ?

ಆತನು ಕಂಡ ಉಪಾಯ ಹೇಳುವುದಕ್ಕೆ ಸುಲಭ. ಹೊರಗೆ ನುಗ್ಗುವ ಹೊಗೆಯ ದಾರಿಯಲ್ಲಿ ಒಂದು ಚಕ್ರವನ್ನಿಟ್ಟರೆ ಅದು ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಗೆ ಮತ್ತೊಂದು ಚಕ್ರವನ್ನು ಜೋಡಿಸಿದರೆ ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಎಣ್ಣೆ ಉರಿಯಬಲ್ಲದು. ಎಂಜಿನ್ನಿನ ಗಾತ್ರ ಬೆಳೆಯದೆಯೇ ಅದರ ಬಲ ಬೆಳೆಯುತ್ತದೆ. 1905ನೆಯ ಇಸವಿ ನವೆಂಬರ್ 16ರಂದು ಈ ವಿಚಾರಕ್ಕೆ ಜರ್ಮನಿಯ ಪೇಟೆಂಟ್ ದೊರೆಯಿತು. ಆಗ ಬ್ಯೂಖಿಗೆ ವಯಸ್ಸು 26.

ಇಲ್ಲಿಗೆ ಕಥೆ ಮುಗಿಯಿತೆಂದು ಸಾಮಾನ್ಯ ಪುಸ್ತಕಗಳು ಬರೆಯುತ್ತವೆ. ನಿಜವಾದ ಕಥೆ ಇಲ್ಲಿಂದ ಮೊದಲಾಗುತ್ತದೆ.

1909ರಲ್ಲಿ ಆತನು ಸುಲ್ಝರ್ ಕಾರ್ಖಾನೆಯನ್ನು ಸೇರಿದನು. 1911ರಿಂದ ಪ್ರಯೋಗಗಳು ನಡೆದವು. ಆದರೆ ಕಾಗದದ ಮೇಲೆ ತಿರುಗಿದ ಚಕ್ರ ಕಬ್ಬಿಣದಲ್ಲಿ ಸುಲಭವಾಗಿ ತಿರುಗಲಿಲ್ಲ. ಒಂದು ಕಡೆ ಕೆಂಪಗೆ ಕಾಯಿಸುವ ಹೊಗೆ, ಇನ್ನೊಂದು ಕಡೆ ತಣ್ಣನೆಯ ಗಾಳಿ, ನಡುವೆ ಅತಿವೇಗದಿಂದ ತಿರುಗುವ ದಂಡ. ಆ ಕಾಲದ ಲೋಹಗಳಿಗೆ ಇದನ್ನು ತಾಳಿಕೊಳ್ಳುವುದು ಕಷ್ಟವಾಗಿತ್ತು. ಅಷ್ಟರಲ್ಲಿ ಒಂದನೆಯ ಮಹಾಯುದ್ಧವೂ ಬಂದಿತು. ಬೇರೆಯವರೂ ಇದೇ ಹಾದಿ ಹಿಡಿದರು. ಗಾಳಿ ತೆಳುವಾದ ಎತ್ತರದಲ್ಲಿ ವಿಮಾನದ ಎಂಜಿನ್ನಿಗೆ ಟರ್ಬೋ ಬಲ ಕೊಡಬಲ್ಲದೆಂಬುದನ್ನು ತೋರಿಸಲು ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತನು 1918ರಲ್ಲಿ 14,000 ಅಡಿಗೂ ಮೀರಿದ ಪೈಕ್ಸ್ ಪೀಕ್ ಪರ್ವತದ ಮೇಲೆ ಎಂಜಿನ್ನನ್ನು ಓಡಿಸಿ ನೋಡಿದನು. ಬ್ಯೂಖಿಗೆ ಮಾತ್ರ ತನ್ನ ಡೀಸೆಲ್ ಎಂಜಿನ್ನು ಮನಸ್ಸಿಗೆ ಬಂದಂತೆ ನಡೆಯುವುದಕ್ಕೆ ಇನ್ನೂ ಕಾಯಬೇಕಾಗಿತ್ತು.

ಆತನನ್ನು ಹೀಗೆ ಕಾಯುತ್ತಿರುವಲ್ಲಿಯೇ ಬಿಟ್ಟು, ನನ್ನ ಅಣ್ಣನ ಗ್ಯಾರೇಜಿಗೆ ಬರುತ್ತೇನೆ.

ನಮ್ಮ ಪರಿಚಯದವರೊಬ್ಬರು ಒಂದು ಹಳೆಯ ಡೀಸೆಲ್ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರು. ಟರ್ಬೋ ಇಲ್ಲದ ಎಂಜಿನ್ನು; ಘಟ್ಟದಲ್ಲಿ ಏದುಸಿರು ಬಿಡುತ್ತಿತ್ತು. ಗುಜರಿಯಿಂದ ತಂದ ಟರ್ಬೋ ಒಂದನ್ನು ಅಣ್ಣ ಅದಕ್ಕೆ ಕೂರಿಸಿದನು. ಚಕ್ರ ತಿರುಗಿತು, ಬಲವೂ ಬಂದಿತು. ಆದರೆ ವಾರದೊಳಗೆ ಸೈಲೆನ್ಸರಿನಿಂದ ನೀಲಿ ಹೊಗೆ ಹೊರಟಿತು. ಟರ್ಬೋಕ್ಕೆ ಎಣ್ಣೆ ಹೆಚ್ಚಾಯಿತೆಂದು ಭಾವಿಸಿ ಅಣ್ಣ ಎಣ್ಣೆ ಬರುವ ಪೈಪಿನ ಬಾಯಿಯನ್ನು ಕಿರಿದು ಮಾಡಿದನು. ಹೊಗೆ ಕಡಿಮೆಯಾಯಿತು. ಮೂರನೆಯ ದಿನ ಅರಬೈಲ್ ಘಟ್ಟದಲ್ಲಿ ದಂಡ ಸಿಕ್ಕಿಕೊಂಡು ಮುರಿಯಿತು. ಹಾಗೆಯೇ ಘಟ್ಟದ ಮೇಲಿನವರೆಗೆ ಓಡಿಸಿದ್ದರಿಂದ ಎಣ್ಣೆಯೆಲ್ಲ ಸೈಲೆನ್ಸರಿನ ಪಾಲಾಗಿ ಎಂಜಿನ್ನಿನ ಬೇರಿಂಗುಗಳೂ ಹೋದವು. ಆ ಮನೆಯವರ ದಿನದ ಅನ್ನ ಆ ಕಾರಿನಲ್ಲಿತ್ತು. ಎಂಜಿನ್ನಿನ ಖರ್ಚನ್ನು ಅಣ್ಣನೇ ಹೊತ್ತನು. ಅದಕ್ಕಾಗಿ ಅತ್ತಿಗೆಯ ಬಳೆಗಳು ಒತ್ತೆಗೆ ಹೋದವು. ಹದಿನೈದು ದಿನ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಗೋವೆಗೆ ಹೋಗಿ ಎಲ್ಲಿಯಾದರೂ ಸಂಬಳಕ್ಕೆ ಸೇರುವ ಮಾತನ್ನು ಅವನು ಆಡತೊಡಗಿದನು.

ಆ ಹದಿನೈದು ದಿನಗಳಲ್ಲಿಯೇ ನಾನು ಬ್ಯೂಖಿಯ ಚರಿತ್ರೆಯನ್ನು ಓದಿದ್ದು. ಓದಿದ್ದನ್ನು ರಾತ್ರಿ ಊಟದ ಹೊತ್ತಿಗೆ ಅಣ್ಣನಿಗೆ ಹೇಳುತ್ತಿದ್ದೆ. ಮೊದಲು ಅವನು ಕಿವಿಗೊಡಲಿಲ್ಲ. ಪೇಟೆಂಟ್ ಪಡೆದು ಇಪ್ಪತ್ತು ವರ್ಷವಾದ ಮೇಲೆ ಆ ಮನುಷ್ಯನಿಗೆ ನಿಜವಾದ ಗೆಲುವು ದೊರೆಯಿತೆಂದು ಹೇಳಿದಾಗ ಮಾತ್ರ ತುತ್ತನ್ನು ಕೈಯಲ್ಲಿಯೇ ಹಿಡಿದು, ಅದು ಹೇಗೆಂದು ಕೇಳಿದನು.

1925ರಲ್ಲಿ ಬ್ಯೂಖಿ ಮಾಡಿದ್ದು ಹೊಸ ಚಕ್ರವನ್ನಲ್ಲ. ಆತನು ಪೈಪುಗಳನ್ನು ಬೇರೆ ರೀತಿಯಲ್ಲಿ ಹಾಸಿದನು. ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೇ ದೊಡ್ಡ ಕೊಳವೆಗೆ ಬಿಟ್ಟರೆ ಒಂದರ ಹೊಗೆ ಇನ್ನೊಂದರ ದಾರಿಗೆ ಅಡ್ಡ ಬರುತ್ತದೆ. ಅದಕ್ಕಾಗಿ ಒಂದಕ್ಕೊಂದು ತೊಡಕಾಗದ ಸಿಲಿಂಡರುಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೂ ಬೇರೆ ಬೇರೆ ಸಣ್ಣ ಕೊಳವೆಗಳನ್ನು ಚಕ್ರದವರೆಗೆ ಒಯ್ದನು. ಹೊಗೆಯ ಒಂದೊಂದು ಹೊಡೆತವೂ ವ್ಯರ್ಥವಾಗದೆ ಚಕ್ರಕ್ಕೆ ತಟ್ಟಿತು. ನಡುವಿನ ಬಿಡುವಿನಲ್ಲಿ ಹೊಸ ಗಾಳಿ ನುಗ್ಗಿ ಸಿಲಿಂಡರನ್ನು ತೊಳೆದು ತಂಪು ಮಾಡಿತು. 1926ರಲ್ಲಿ ಜರ್ಮನಿಯ ಪ್ರಾಯ್ಸನ್ ಮತ್ತು ಹಾನ್ಸೆಸ್ಟಾಟ್ ಡಾನ್‌ಝಿಗ್ ಎಂಬ ಪ್ರಯಾಣಿಕ ಹಡಗುಗಳಲ್ಲಿ ಈ ಏರ್ಪಾಡಿನಿಂದ 1,750 ಅಶ್ವಶಕ್ತಿಯ ಎಂಜಿನ್ನು 2,500 ಅಶ್ವಶಕ್ತಿಯನ್ನು ಕೊಟ್ಟಿತು. ಬ್ರೌನ್ ಬೊವೇರಿ ಮೊದಲಾದ ಕಂಪನಿಗಳೊಡನೆ ಸೇರಿ ಬ್ಯೂಖಿ ತನ್ನ ಹೆಸರಿನ ಕೂಟವನ್ನೇ ಕಟ್ಟಿದನು.

ಇದನ್ನು ಕೇಳಿ ಅಣ್ಣ ಎದ್ದು ಕೈ ತೊಳೆದು ಗ್ಯಾರೇಜಿಗೆ ನಡೆದನು. ನಾನೂ ಟಾರ್ಚು ಹಿಡಿದು ಹಿಂದೆ ಹೋದೆ. ಕಾರಿನ ಅಡಿಯಲ್ಲಿ ಮಲಗಿ ಅವನು ನೋಡಿದ್ದು ಮುರಿದ ಟರ್ಬೋವನ್ನಲ್ಲ, ತಾನೇ ಹಾಸಿದ್ದ ಪೈಪುಗಳನ್ನು. ಆಗ ಅವನು ವಿವರಿಸಿದ್ದು ಇದು.

ಕಾರಿನ ಟರ್ಬೋದಂಡ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಅದು ನಿಂತಿರುವುದು ಎಣ್ಣೆಯ ತೆಳುಪದರದ ಮೇಲೆ. ಎಣ್ಣೆ ಒಳಗೆ ಬರುವುದು ಪಂಪಿನ ಒತ್ತಡದಿಂದ. ಆದ್ದರಿಂದ ಬರುವ ಪೈಪು ಸಣ್ಣದಿದ್ದರೂ ಸಾಗುತ್ತದೆ. ಹೊರಗೆ ಹೋಗುವಾಗ ಒತ್ತಡವಿಲ್ಲ. ಗಾಳಿ ಬೆರೆತು ನೊರೆಯಾದ ಎಣ್ಣೆ ತನ್ನ ಭಾರದಿಂದಲೇ ಇಳಿಯಬೇಕು. ಅಣ್ಣ ಹಾಕಿದ ರಿಟರ್ನ್ ಪೈಪು ಸಣ್ಣದು. ನಡುವೆ ಜೋತುಬಿದ್ದು ಮತ್ತೆ ಮೇಲೇರಿತ್ತು. ಆಯಿಲ್ ಚೇಂಬರಿನಲ್ಲಿ ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಸೇರಿತ್ತು. ನಮ್ಮ ಗಜನಿಯ ಗದ್ದೆಯಿಂದ ಭರತಿಯ ಹೊತ್ತಿನಲ್ಲಿ ನೀರು ಹೊರಗೆ ಹೋಗುತ್ತದೆಯೆ? ಹಳ್ಳದ ನೀರೇ ಎತ್ತರವಿರುವಾಗ ಗದ್ದೆಯ ನೀರು ನಿಂತು ಬದುವನ್ನು ದಾಟುತ್ತದೆ. ಹಾಗೆಯೇ ಎಣ್ಣೆಯೂ ಟರ್ಬೋದಲ್ಲಿ ನಿಂತು ಸೀಲನ್ನು ದಾಟಿ ಹೊಗೆಯಾಯಿತು. ಹೋಗುವ ದಾರಿಯನ್ನು ಸರಿಪಡಿಸುವ ಬದಲು ಅಣ್ಣ ಬರುವ ದಾರಿಯನ್ನು ಕಟ್ಟಿ ದಂಡವನ್ನು ಒಣಗಿಸಿದ್ದನು.

ಇನ್ನೊಂದು ತಪ್ಪೂ ಇತ್ತು. ಆ ಟರ್ಬೋಕ್ಕೆ ನೀರಿನ ಎರಡು ಬಾಯಿಗಳಿದ್ದವು. ತೊಂದರೆಯೇಕೆಂದು ಅಣ್ಣ ಅವನ್ನು ಮುಚ್ಚಿಬಿಟ್ಟಿದ್ದನು. ಓಡುತ್ತಿರುವಾಗ ಎಣ್ಣೆಯೇ ಒಂದಷ್ಟು ಬಿಸಿಯನ್ನು ಒಯ್ಯುತ್ತದೆ. ಆದರೆ ಘಟ್ಟವೇರಿ ಚಹಾಕ್ಕೆಂದು ನಿಲ್ಲಿಸಿ ಎಂಜಿನ್ನನ್ನು ತಟ್ಟನೆ ಆರಿಸಿದರೆ ಎಣ್ಣೆಯೂ ನಿಲ್ಲುತ್ತದೆ. ಹೊಗೆಯ ಚಕ್ರದ ಕಾವು ದಂಡದೊಳಗೆ ಹರಿದು, ಅಲ್ಲಿ ಉಳಿದ ಎಣ್ಣೆ ಸುಟ್ಟು ಕರಕಾಗಿ ಅಂಟಿಕೊಳ್ಳುತ್ತದೆ. ನೀರು ಇದ್ದರೆ ಪಂಪು ನಿಂತರೂ ಕಾದ ನೀರು ತಾನಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿನಿಂದ ಬರುತ್ತದೆ.

ಮುಂದಿನ ವಾರ ಅಣ್ಣ ಬೇರೊಂದು ಟರ್ಬೋ ತಂದು ಎಲ್ಲವನ್ನೂ ಮೊದಲಿನಿಂದ ಹಾಸಿದನು. ಎಣ್ಣೆಯ ಮಟ್ಟಕ್ಕಿಂತ ಮೇಲೆ ಚೇಂಬರಿಗೆ ತೂತು ಕೊರೆದು ಬೆಸುಗೆ ಹಾಕಿ, ದಪ್ಪ ರಿಟರ್ನ್ ಪೈಪನ್ನು ಎಲ್ಲಿಯೂ ಜೋಲದಂತೆ ಇಳಿಜಾರಾಗಿ ಬಿಟ್ಟನು. ಎಣ್ಣೆ ಬರುವ ಪೈಪನ್ನು ಹೊಗೆಕೊಳವೆಯಿಂದ ದೂರ ಕಟ್ಟಿದನು. ನೀರು ಎಂಜಿನ್ನಿನಿಂದ ಟರ್ಬೋದ ಕೆಳಬಾಯಿಗೆ ಬಂದು ಮೇಲ್ಬಾಯಿಂದ ಹೊರಟು, ಗಾಳಿ ಕಟ್ಟುವಂಥ ಗೂನು ಎಲ್ಲಿಯೂ ಇಲ್ಲದೆ ಏರುತ್ತ ರೇಡಿಯೇಟರಿನ ಮೇಲ್ಗಡೆಗೆ ಸೇರಿತು. ಡೀಸೆಲ್ ಬಿಡದೆ ಎಂಜಿನ್ನನ್ನು ತಿರುಗಿಸಿ, ದಂಡಕ್ಕೆ ಎಣ್ಣೆ ತಲುಪಿತೆಂದು ಕಂಡ ಮೇಲೆಯೇ ಶುರು ಮಾಡಿದನು. ಘಟ್ಟವೇರಿದ ಬಳಿಕ ಒಂದೆರಡು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಬಿಟ್ಟು ಆರಿಸಬೇಕೆಂದು ಕಾರಿನವರಿಗೆ ಕೈಮುಗಿದು ತಿಳಿಸಿದನು. ಆ ಕಾರು ಇಂದಿಗೂ ಘಟ್ಟವನ್ನು ಏರುತ್ತಿದೆ. ಬಳೆಗಳೂ ಮನೆಗೆ ಬಂದಿವೆ.

ಬ್ಯೂಖಿಗೆ 1938ರಲ್ಲಿ ತಾನು ಓದಿದ ಝೂರಿಕ್ಕಿನ ವಿದ್ಯಾಲಯವೇ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಸಾವ್ರರ್ ಕಾರ್ಖಾನೆ ಟರ್ಬೋ ಇರುವ ಲಾರಿ ಎಂಜಿನ್ನನ್ನು ಹೊರತಂದಿತು. 1959ನೆಯ ಇಸವಿ ಅಕ್ಟೋಬರ್ 27ರಂದು, 80ನೆಯ ವಯಸ್ಸಿನಲ್ಲಿ, ಹುಟ್ಟಿದೂರಾದ ವಿಂಟರ್ಟೂರಿನಲ್ಲಿಯೇ ಆತನು ತೀರಿಕೊಂಡನು. ಟರ್ಬೋ ಕೂರಿಸಿದ ಕಾರುಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1962ರಲ್ಲಿ; ಅದನ್ನು ನೋಡಲು ಆತನಿರಲಿಲ್ಲ. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆಯಲ್ಲಿ, ವಿದ್ಯುತ್ ಗಾಡಿಗಳು ಬರುವವರೆಗೆ, ನಮ್ಮ ಅಂಕೋಲೆಯನ್ನು ಹಾದುಹೋದ ಡೀಸೆಲ್ ಎಂಜಿನ್ನುಗಳೂ ಆತನ ವಿಚಾರದಿಂದಲೇ ಬಲ ಪಡೆದಿದ್ದವು.

ಕಲಾವಿಭಾಗದವನಿಗೆ ಯಂತ್ರದ ಗೊಡವೆ ಏಕೆಂಬುದಕ್ಕೆ ನನ್ನ ಉತ್ತರ ಇಷ್ಟೆ. ಹೊಳೆದ ವಿಚಾರಕ್ಕೂ ನಡೆದ ವಿಚಾರಕ್ಕೂ ನಡುವೆ ಬ್ಯೂಖಿಗೆ ಇಪ್ಪತ್ತು ವರ್ಷ ಹಿಡಿಯಿತು, ಅಣ್ಣನಿಗೆ ಹದಿನೈದು ದಿನ. ಇಬ್ಬರೂ ಚಕ್ರವನ್ನು ಬಿಟ್ಟು ಪೈಪಿನ ಕಡೆಗೆ ತಿರುಗಿದ ಮೇಲೆಯೇ ಕೆಲಸ ಕೈಗೂಡಿತು. ಒಳಗೆ ಬರುವುದರ ಚಿಂತೆ ಎಲ್ಲರಿಗೂ ಇರುತ್ತದೆ. ಹೊರಗೆ ಹೋಗುವುದಕ್ಕೆ ದಾರಿ ಮಾಡಿಕೊಟ್ಟವನು ಮಾತ್ರ ಘಟ್ಟವನ್ನು ಏರಿಸಬಲ್ಲನು. ಈಗ ಆ ಸಿಳ್ಳಿನ ದನಿ ಕೇಳಿದಾಗಲೆಲ್ಲ ನನಗೆ ವಿಂಟರ್ಟೂರಿನ ಆ ಮುದುಕನೂ ಟಾರ್ಚಿನ ಬೆಳಕಿನಲ್ಲಿ ಕಾರಿನಡಿಗೆ ಮಲಗಿದ ಅಣ್ಣನೂ ಒಟ್ಟಿಗೆ ನೆನಪಾಗುತ್ತಾರೆ.