ಪ್ರೀತಿಯ ಮಾತಿಗೆ ಕಳ್ಳಿ ಮುಳ್ಳು ಬಿಟ್ಟಿತೇ? ಲೂಥರ್ ಬರ್‌ಬ್ಯಾಂಕ್ ಬದುಕಿನ ನಿಜ ಕಥೆ

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಕಥೆ ಇದು. ಅಮೆರಿಕದಲ್ಲಿ ಒಬ್ಬ ಸಂತನಂಥ ವಿಜ್ಞಾನಿ ಇದ್ದರಂತೆ. ದಿನಾಲೂ ಕಳ್ಳಿ ಗಿಡದ ಮುಂದೆ ಕುಳಿತು, ಹೆದರಬೇಡ, ನಾನಿದ್ದೇನೆ, ನಿನಗೆ ಮುಳ್ಳು ಬೇಕಿಲ್ಲ ಎಂದು ಪ್ರೀತಿಯಿಂದ ಹೇಳುತ್ತಿದ್ದರಂತೆ. ಕೊನೆಗೆ ಆ ಕಳ್ಳಿ ಮುಳ್ಳುಗಳನ್ನೇ ಬಿಟ್ಟುಕೊಟ್ಟಿತಂತೆ.

ವಿಜ್ಞಾನಿಯ ಹೆಸರು ಲೂಥರ್ ಬರ್‌ಬ್ಯಾಂಕ್. ವ್ಯಕ್ತಿ ನಿಜ, ಮುಳ್ಳಿಲ್ಲದ ಕಳ್ಳಿಯೂ ನಿಜ. ಆದರೆ ನಡುವಿನ ಪವಾಡ ನಿಜವಲ್ಲ.

ಇದನ್ನು ಪರಿಶೀಲಿಸಲು ನಮಗೆ ಒಂದು ಕಾರಣವಿದೆ. ರೋಣ, ನರಗುಂದ, ಗಜೇಂದ್ರಗಡದ ಕಡೆ ಪಾಪಾಸುಕಳ್ಳಿ ಯಾರಿಗೂ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಮೇವಿನ ಚಿಂತೆಯೂ ಹೊಸದಲ್ಲ. ಇಂಥ ಊರಿನ ರೈತರಿಗೆ ಮುಳ್ಳಿಲ್ಲದ ಕಳ್ಳಿಯ ಪವಾಡ ಕೇಳಲು ಹಿತವಾಗಿರುತ್ತದೆ. ನೂರು ವರ್ಷದ ಹಿಂದೆ ಅಮೆರಿಕದ ರೈತರಿಗೂ ಹೀಗೇ ಹಿತವಾಗಿತ್ತು, ಮತ್ತು ಅವರಲ್ಲಿ ಅನೇಕರು ಹಣ ಕಳೆದುಕೊಂಡರು.

ಕಾಲೇಜಿಗೆ ಹೋಗದ ತೋಟಗಾರ

ಬರ್‌ಬ್ಯಾಂಕ್ ಹುಟ್ಟಿದ್ದು 1849ರ ಮಾರ್ಚ್ 7ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲ್ಯಾಂಕಾಸ್ಟರ್‌ನಲ್ಲಿ. ದೊಡ್ಡ ಒಕ್ಕಲು ಕುಟುಂಬದ 13ನೆಯ ಮಗು. ಕಾಲೇಜಿಗೆ ಹೋಗಲಿಲ್ಲ. ಆದರೆ ಚಾರ್ಲ್ಸ್ ಡಾರ್ವಿನ್ ಬರೆದ ಒಂದು ಪುಸ್ತಕ ಅವರ ಕೈಗೆ ಸಿಕ್ಕಿತು. ಮನುಷ್ಯ ಸಾಕಿದ ಪ್ರಾಣಿ ಮತ್ತು ಬೆಳೆಸಿದ ಗಿಡಗಳಲ್ಲಿ ವ್ಯತ್ಯಾಸಗಳು ಹೇಗೆ ಬರುತ್ತವೆ ಎಂಬುದು ಅದರ ವಿಷಯ. ಒಂದೇ ಗಿಡದ ಬೀಜಗಳಿಂದ ಹುಟ್ಟಿದ ಸಸಿಗಳೂ ಒಂದರಂತೆ ಒಂದು ಇರುವುದಿಲ್ಲ, ಬೇಕಾದದ್ದನ್ನು ಆರಿಸಿ ಬೆಳೆಸುತ್ತಾ ಹೋದರೆ ತಳಿಯೇ ಬದಲಾಗುತ್ತದೆ ಎಂಬುದು ಅವರ ತಲೆಯಲ್ಲಿ ಕುಳಿತಿತು.

ತಂದೆ ತೀರಿಕೊಂಡ ಮೇಲೆ ಪಾಲಿಗೆ ಬಂದ ಹಣದಲ್ಲಿ 17 ಎಕರೆ ಜಮೀನು ಕೊಂಡರು. ಒಂದು ದಿನ ಅಲ್ಲಿನ ಆಲೂಗಡ್ಡೆ ಗಿಡವೊಂದರಲ್ಲಿ ಕಾಯಿ ಕಂಡಿತು. ಆಲೂಗಡ್ಡೆಯನ್ನು ಗಡ್ಡೆಯಿಂದಲೇ ಬೆಳೆಯುವುದು ರೂಢಿ, ಆ ತಳಿಯಲ್ಲಿ ಬೀಜದ ಕಾಯಿ ಬಲು ಅಪರೂಪ. ಆ ಕಾಯಿಯಲ್ಲಿದ್ದ 23 ಬೀಜಗಳನ್ನು ಬಿತ್ತಿದರು. ಹುಟ್ಟಿದ ಸಸಿಗಳಲ್ಲಿ ಒಂದು ಉಳಿದವೆಲ್ಲವನ್ನೂ ಮೀರಿಸಿತು. ಅದರ ಹಕ್ಕನ್ನು 150 ಡಾಲರ್‌ಗೆ ಬೀಜ ವ್ಯಾಪಾರಿಗೆ ಮಾರಿ, 1875ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ರೋಸಾ ಊರಿಗೆ ಹೊರಟರು. ಹತ್ತು ಗಡ್ಡೆಗಳನ್ನು ಮಾತ್ರ ಜೊತೆಗೆ ಒಯ್ದರು.

ಮುಂದೆ ಆ ತಳಿಯಲ್ಲೇ ಒರಟು ಸಿಪ್ಪೆಯ ಒಂದು ಗಿಡ ತಾನಾಗಿ ಕಾಣಿಸಿಕೊಂಡಿತು. ಅದೇ ರಸೆಟ್ ಬರ್‌ಬ್ಯಾಂಕ್. ಇಂದು ಅಮೆರಿಕದಲ್ಲಿ ಫ್ರೆಂಚ್ ಫ್ರೈಸ್‌ಗೆ ಬಹಳವಾಗಿ ಬಳಕೆಯಾಗುವ ಆಲೂಗಡ್ಡೆ ಇದು. ಗಿಡದ ಜೀವಕೋಶದಲ್ಲಿ ಹೀಗೆ ತಾನಾಗಿ ಆಗುವ ಆನುವಂಶಿಕ ಬದಲಾವಣೆಗೆ ಮ್ಯುಟೇಶನ್ ಎನ್ನುತ್ತಾರೆ.

ಸಾವಿರ ಬಿತ್ತು, ಒಂದು ಉಳಿಸು

ಸ್ಯಾಂಟಾ ರೋಸಾದಲ್ಲಿ ಬರ್‌ಬ್ಯಾಂಕ್ 50 ವರ್ಷ ದುಡಿದರು. 800ಕ್ಕೂ ಹೆಚ್ಚು ಹೊಸ ತಳಿಗಳನ್ನು ಹೊರತಂದರು. ಸ್ಯಾಂಟಾ ರೋಸಾ ಪ್ಲಮ್ ಹಣ್ಣು, ಶಾಸ್ತಾ ಡೇಸಿ ಹೂವು ಅವುಗಳಲ್ಲಿ ಹೆಸರಾದವು.

ಅವರ ವಿಧಾನದಲ್ಲಿ ಗುಟ್ಟೇನೂ ಇರಲಿಲ್ಲ. ಬೇರೆ ಬೇರೆ ಕಡೆಯಿಂದ ಗಿಡ ತರಿಸುವುದು, ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವುದು, ಸಾವಿರಾರು ಸಸಿ ಎಬ್ಬಿಸುವುದು, ಅವುಗಳಲ್ಲಿ ಒಂದೋ ಎರಡೋ ಉಳಿಸಿ ಮಿಕ್ಕದ್ದನ್ನೆಲ್ಲ ಕಿತ್ತು ಸುಡುವುದು. ಉಳಿಸಿದ್ದನ್ನು ಕಸಿ ಮಾಡಿ ಅಥವಾ ತುಂಡು ನೆಟ್ಟು ಹೆಚ್ಚಿಸುವುದು. ಸಸಿ ಚಿಕ್ಕದಿರುವಾಗಲೇ ಅದರ ಗುಣ ಗುರುತಿಸುವ ಕಣ್ಣು ಅವರಿಗಿತ್ತು. ಆ ಕಣ್ಣೇ ಅವರ ನಿಜವಾದ ಆಸ್ತಿ.

ಕಳ್ಳಿಯಲ್ಲೂ ಮಾಡಿದ್ದು ಇದನ್ನೇ. ಕಳ್ಳಿಯ ಮುಳ್ಳು ಎಂದರೆ ರೂಪ ಬದಲಿಸಿದ ಎಲೆ. ಕೆಲವು ಗಿಡಗಳಲ್ಲಿ ಸಹಜವಾಗಿಯೇ ಮುಳ್ಳು ಕಡಿಮೆ. ಮುಳ್ಳು ಬಹಳ ಕಡಿಮೆ ಇರುವ ಪಾಪಾಸುಕಳ್ಳಿ ಜನರಿಗೆ ಮೊದಲೇ ಗೊತ್ತಿತ್ತು. ಬರ್‌ಬ್ಯಾಂಕ್ ಮೆಕ್ಸಿಕೊ ಸೇರಿ ಹಲವು ಕಡೆಯಿಂದ ಅಂಥ ಗಿಡಗಳನ್ನು ತರಿಸಿ, ದಪ್ಪವಾಗಿ ಬೇಗ ಬೆಳೆಯುವ ತಳಿಗಳೊಂದಿಗೆ ಬೆರೆಸಿದರು. ವರ್ಷಗಟ್ಟಲೆ ಆರಿಸಿದರು. ಆ ಕೆಲಸದಲ್ಲಿ ಅವರ ಕೈಗೆ, ಮೈಗೆ ಚುಚ್ಚಿದ ಸಣ್ಣ ಮುಳ್ಳುಗಳಿಗೆ ಲೆಕ್ಕವಿಲ್ಲ. ಪ್ರೀತಿಯ ಮಾತಿಗೆ ಮುಳ್ಳು ಉದುರುವಂತಿದ್ದರೆ ಇಷ್ಟೆಲ್ಲ ಚುಚ್ಚಿಸಿಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ!

ಕನಸು ಮಾರಾಟಕ್ಕೆ ಬಂದಾಗ

1907ರಲ್ಲಿ ಮುಳ್ಳಿಲ್ಲದ ಕಳ್ಳಿಯ ಕ್ಯಾಟಲಾಗ್ ಹೊರಬಿತ್ತು. ಮರುಭೂಮಿ ಹಸಿರಾಗುತ್ತದೆ, ದನಕರುಗಳಿಗೆ ಮೇವಿನ ಕೊರತೆಯೇ ಇರುವುದಿಲ್ಲ ಎಂಬ ಪ್ರಚಾರ ಶುರುವಾಯಿತು. ಹೆಸರಾಂತ ಕಾದಂಬರಿಕಾರ ಜ್ಯಾಕ್ ಲಂಡನ್ ಕೂಡ ತಮ್ಮ ಜಮೀನಿನಲ್ಲಿ ಇದನ್ನು ನೆಡಿಸಿದರು.

ಹೊಲದಲ್ಲಿ ಕಂಡದ್ದು ಬೇರೆ. ಗಿಡ ಒಣಪ್ರದೇಶದಲ್ಲಿ ಬದುಕುತ್ತದೆ ನಿಜ, ಆದರೆ ಮೇವಿಗೆ ಸಾಕಾಗುವಷ್ಟು ಬೆಳೆಯಬೇಕಾದರೆ ಅದಕ್ಕೂ ನೀರು, ಆರೈಕೆ ಬೇಕು. ಹಿಮ ಬೀಳುವ ಜಾಗದಲ್ಲಿ ಅದು ತಾಳಲಿಲ್ಲ. ಮುಳ್ಳಿಲ್ಲದ್ದರಿಂದ ಮೊಲದಿಂದ ದನದವರೆಗೆ ಎಲ್ಲವೂ ಬಾಯಿ ಹಾಕುತ್ತಿದ್ದವು, ಹೀಗಾಗಿ ಬೇಲಿಯ ಖರ್ಚು ಬೇರೆ. ಬೀಜ ಬಿತ್ತಿದರೆ ಹಲವು ಸಸಿಗಳಲ್ಲಿ ಮತ್ತೆ ಮುಳ್ಳು!

1912ರಲ್ಲಿ ಹೂಡಿಕೆದಾರರು ಲೂಥರ್ ಬರ್‌ಬ್ಯಾಂಕ್ ಕಂಪನಿ ಕಟ್ಟಿದರು. ಬರ್‌ಬ್ಯಾಂಕ್ ತಮ್ಮ ಹೆಸರನ್ನೂ ಮಾರಾಟದ ಹಕ್ಕನ್ನೂ ಕೊಟ್ಟರು, ವ್ಯವಹಾರ ಮಾತ್ರ ಇತರರ ಕೈಯಲ್ಲಿತ್ತು. ಬೇಡಿಕೆಯಷ್ಟು ಗಿಡ ಇಲ್ಲದಾಗ ಸಾಮಾನ್ಯ ಕಳ್ಳಿಯ ಮುಳ್ಳನ್ನು ಉಜ್ಜಿ ತೆಗೆದು, ಮುಳ್ಳಿಲ್ಲದ್ದೆಂದು ಕಳಿಸಿದರು. ನೆಟ್ಟವರ ಹೊಲದಲ್ಲಿ ಅದು ಚಿಗುರಿದಾಗ ಮುಳ್ಳೂ ಚಿಗುರಿತು. 1916ರಲ್ಲಿ ಕಂಪನಿ ದಿವಾಳಿಯಾಯಿತು. ಮೋಸ ಮಾಡಿದ್ದು ಬರ್‌ಬ್ಯಾಂಕ್ ಅಲ್ಲ, ಆದರೆ ಕೆಟ್ಟದ್ದು ಅವರ ಹೆಸರು.

ವಿಜ್ಞಾನಿಗಳ ಜೊತೆಗಿನ ನಂಟೂ ಮುರಿದಿತ್ತು. ಕಾರ್ನೆಗಿ ಸಂಸ್ಥೆ 1905ರಿಂದ ವರ್ಷಕ್ಕೆ 10,000 ಡಾಲರ್ ನೆರವು ಕೊಡುತ್ತಾ, ಅವರ ಕೆಲಸ ದಾಖಲಿಸಲು ತಳಿವಿಜ್ಞಾನಿ ಜಾರ್ಜ್ ಶಲ್ ಅವರನ್ನು ಕಳಿಸಿತ್ತು. ಆದರೆ ಬರ್‌ಬ್ಯಾಂಕ್ ಯಾವ ಗಿಡಕ್ಕೆ ಯಾವುದನ್ನು ಬೆರೆಸಿದರು ಎಂಬ ಲೆಕ್ಕವನ್ನು ಸರಿಯಾಗಿ ಇಟ್ಟಿರಲಿಲ್ಲ. 1909ರ ಕೊನೆಗೆ ನೆರವು ನಿಂತಿತು. ಬರೆದಿಡದ ಕೆಲಸದ ಸುತ್ತ ಕಥೆ ಹುಟ್ಟುವುದು ಸುಲಭ. ಅವರ ವಿಷಯದಲ್ಲೂ ಹಾಗೇ ಆಯಿತು.

ಪವಾಡದ ಕಥೆ ಎಲ್ಲಿಂದ ಬಂತು?

ಬರ್‌ಬ್ಯಾಂಕ್ ತೀರಿಕೊಂಡಿದ್ದು 1926ರ ಏಪ್ರಿಲ್ 11ರಂದು, 77ನೇ ವಯಸ್ಸಿನಲ್ಲಿ. ಅವರ ಗೆಳೆಯರಾಗಿದ್ದ ಪರಮಹಂಸ ಯೋಗಾನಂದರ ಆತ್ಮಕಥೆ 1946ರಲ್ಲಿ ಪ್ರಕಟವಾಯಿತು. ಆ ಪುಸ್ತಕವನ್ನು ಅವರು ಬರ್‌ಬ್ಯಾಂಕ್ ಅವರಿಗೇ ಅರ್ಪಿಸಿದ್ದಾರೆ. ಕಳ್ಳಿಯೊಂದಿಗೆ ಮಾತಾಡಿದ ಪ್ರಸಂಗ ಜಗತ್ತಿಗೆಲ್ಲ ಹರಡಿದ್ದು ಮುಖ್ಯವಾಗಿ ಆ ಪುಸ್ತಕದಿಂದ.

ಬರ್‌ಬ್ಯಾಂಕ್ ಗಿಡಗಳನ್ನು ಮಾತಾಡಿಸಿರಬಹುದು. ನಮ್ಮ ಮನೆಗಳಲ್ಲೂ ತುಳಸಿಗೆ ನೀರು ಹಾಕುತ್ತಾ ಮಾತಾಡುವವರಿದ್ದಾರೆ. ಸುತ್ತಲಿನ ವಾತಾವರಣ ಗಿಡದ ಮೇಲೆ ಮಾಡಿದ ಪರಿಣಾಮ ಮುಂದಿನ ಪೀಳಿಗೆಗೂ ಇಳಿಯುತ್ತದೆ ಎಂದು ಬರ್‌ಬ್ಯಾಂಕ್ ನಂಬಿದ್ದೂ ಹೌದು. ಆ ನಂಬಿಕೆಯನ್ನು ತಳಿವಿಜ್ಞಾನಿಗಳು ಒಪ್ಪಲಿಲ್ಲ. ಪ್ರೀತಿ ಇದ್ದವರು ಗಿಡವನ್ನು ದಿನಾ ನೋಡುತ್ತಾರೆ, ರೋಗ, ಹುಳ ಬೇಗ ಕಣ್ಣಿಗೆ ಬೀಳುತ್ತವೆ. ಪ್ರೀತಿಯ ಲಾಭ ಅಷ್ಟೇ. ಮಾತಿನಿಂದ ಗಿಡದ ವಂಶವಾಹಿ ಬದಲಾಗುವುದಿಲ್ಲ.

ಕೋಳಿಜುಟ್ಟಿನ ಕಳ್ಳಿ, ಕೆಂಪು ತಲೆಯ ಕಳ್ಳಿ

ಈಗ ಕುಂಡಗಳಲ್ಲಿ ವಿಚಿತ್ರ ಕಳ್ಳಿ ಬೆಳೆಸುವ ಹವ್ಯಾಸ ಹೆಚ್ಚಾಗಿದೆ. ಅಲ್ಲೂ ಬರ್‌ಬ್ಯಾಂಕ್ ಪಾಠವೇ ಕೆಲಸ ಮಾಡುತ್ತದೆ.

ಕೋಳಿಜುಟ್ಟಿನಂತೆ ಮಡಚಿಕೊಂಡ ಕಳ್ಳಿಗೆ ಕ್ರೆಸ್ಟೆಡ್ ಎನ್ನುತ್ತಾರೆ. ಸಾಮಾನ್ಯವಾಗಿ ಗಿಡ ಬೆಳೆಯುವುದು ತುದಿಯ ಒಂದು ಬಿಂದುವಿನಿಂದ. ಆ ಬಿಂದು ಗೆರೆಯಂತೆ ಅಗಲವಾದರೆ ಕಾಂಡ ಬೀಸಣಿಗೆಯಾಗುತ್ತದೆ. ಮ್ಯುಟೇಶನ್, ಗಾಯ, ಸೋಂಕು, ಚಳಿ ಹೀಗೆ ಕಾರಣ ಹಲವು. ಹಳದಿ, ಬಿಳಿ ಪಟ್ಟೆಯ ವೇರಿಗೇಟೆಡ್ ಕಳ್ಳಿಯಲ್ಲಿ ಕೆಲವು ಜೀವಕೋಶಗಳಿಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಇರುವುದಿಲ್ಲ. ಪೂರ್ತಿ ಕೆಂಪಾದ ಮೂನ್ ಕ್ಯಾಕ್ಟಸ್ ಅಂತೂ ತನ್ನ ಆಹಾರ ತಾನೇ ತಯಾರಿಸಲಾರದು. ಅದಕ್ಕೇ ಅದನ್ನು ಡ್ರ್ಯಾಗನ್ ಫ್ರೂಟ್‌ನ ಹತ್ತಿರದ ಸಂಬಂಧಿಯಾದ ಹಸಿರು ಕಳ್ಳಿಯ ಮೇಲೆ ಕಸಿ ಮಾಡಿರುತ್ತಾರೆ. ಕೆಳಗಿನ ಗಿಡ ಸತ್ತರೆ, ಬೇರೊಂದಕ್ಕೆ ಕಸಿ ಮಾಡದ ಹೊರತು ಮೇಲಿನದೂ ಸಾಯುತ್ತದೆ.

ಇಂಥ ರೂಪಗಳು ಬೀಜದಿಂದ ಅದೇ ರೀತಿ ಬರುತ್ತವೆಂಬ ಭರವಸೆ ಇಲ್ಲ. ತುಂಡು ಅಥವಾ ಕಸಿಯೇ ದಾರಿ. ಆದ್ದರಿಂದ ಬಣ್ಣಬಣ್ಣದ ಕಳ್ಳಿ ಬೀಜ ಎಂದು ಆನ್‌ಲೈನ್‌ನಲ್ಲಿ ಕಂಡದ್ದನ್ನು ಕೊಳ್ಳುವ ಮೊದಲು ಯೋಚಿಸಿ. ಗಿಡಕ್ಕೆ ಬಣ್ಣ ಸಿಂಪಡಿಸಿ, ಒಣಹೂವನ್ನು ಅಂಟಿಸಿ ಮಾರುವುದೂ ಉಂಟು.

ನಮ್ಮ ಹೊಲಕ್ಕೆ ಏನು?

ಮುಳ್ಳಿಲ್ಲದ ಕಳ್ಳಿ ಸುಳ್ಳಲ್ಲ. ಬಂಜರು ಭೂಮಿಯಲ್ಲಿ ಇದನ್ನು ಬೆಳೆಸಲು 2022ರಿಂದ ಕೇಂದ್ರ ಸರ್ಕಾರದ ಭೂ ಸಂಪನ್ಮೂಲ ಇಲಾಖೆಯೂ ಒತ್ತು ಕೊಡುತ್ತಿದೆ. ಕಳ್ಳಿ ರಾತ್ರಿ ಹೊತ್ತು ಉಸಿರುರಂಧ್ರ ತೆರೆಯುತ್ತದೆ, ಹಾಗಾಗಿ ಕಡಿಮೆ ನೀರಿನಲ್ಲಿ ಬಾಳುತ್ತದೆ. ಆದರೆ ಈ ನಾಲ್ಕು ಮಾತು ನೆನಪಿರಲಿ.

• ಇದರಲ್ಲಿ ಸುಮಾರು 90% ನೀರೇ ಇರುತ್ತದೆ, ಪ್ರೋಟೀನ್ ಕಡಿಮೆ. ಇದನ್ನೊಂದನ್ನೇ ತಿನ್ನಿಸಿದರೆ ದನಗಳಿಗೆ ಭೇದಿಯಾಗುತ್ತದೆ. ಕಣಕಿ, ಹೊಟ್ಟಿನಂಥ ಒಣಮೇವಿನ ಜೊತೆ ಕೊಡಬೇಕು.
• ನೀರು ನಿಲ್ಲುವ ಎರೆ ಹೊಲದಲ್ಲಿ ಬೇರು ಕೊಳೆಯುತ್ತದೆ. ನೀರು ಬಸಿದು ಹೋಗುವ ಮಸಾರಿ ನೆಲ ಮೇಲು.
• ಬೀಜ ಬೇಡ. ಮುಳ್ಳಿಲ್ಲದೆ ಚಿಗುರಿರುವುದನ್ನು ಕಣ್ಣಾರೆ ಕಂಡ ಗಿಡದಿಂದಲೇ ತುಂಡು ತನ್ನಿ.
• ಹಾಲು ಸುರಿಸುವ ಕಳ್ಳಿ ಬೇರೆಯೇ ಜಾತಿ. ಅದು ಮೇವಲ್ಲ, ಅದರ ಹಾಲು ಕಣ್ಣಿಗೆ ಅಪಾಯ.

ಇನ್ನೊಂದು ಸಂಗತಿ. ಬರ್‌ಬ್ಯಾಂಕ್ ತೀರಿಕೊಂಡ 1926ರಲ್ಲೇ, ದಕ್ಷಿಣ ಭಾರತದಲ್ಲಿ ಹೊಲಗದ್ದೆ ನುಂಗುತ್ತಿದ್ದ ಮುಳ್ಳಿನ ಪಾಪಾಸುಕಳ್ಳಿಯನ್ನು ಕೊಲ್ಲಲು ಶ್ರೀಲಂಕಾದಿಂದ ಕೊಚಿನಿಯಲ್ ಎಂಬ ಹುಳ ತರಿಸಲಾಯಿತು. ಒಂದು ಕಡೆ ವರವೆಂದು ಸಾರಿದ ಗಿಡ, ಇನ್ನೊಂದು ಕಡೆ ಕಳೆ. ಯಾವ ತಳಿ, ಯಾವ ನೆಲ ಎಂದು ಕೇಳದೆ ನೆಟ್ಟರೆ ವರವೂ ಶಾಪವಾಗುತ್ತದೆ.

ಒಟ್ಟಿನಲ್ಲಿ: ಬರ್‌ಬ್ಯಾಂಕ್ ಪ್ರೀತಿಯ ಮಾತಿನಿಂದ ಕಳ್ಳಿಯ ಮುಳ್ಳು ಉದುರಿಸಿದರು ಎಂಬುದು ತಪ್ಪು. ಮೊದಲೇ ಇದ್ದ ಮುಳ್ಳು ಕಡಿಮೆಯ ಗಿಡಗಳನ್ನು ಬೆರೆಸಿ, ಸಾವಿರಾರು ಸಸಿಗಳಲ್ಲಿ ಆರಿಸಿ ತಳಿ ಪಡೆದರು ಎಂಬುದು ಸರಿ. ಆ ಫಾರ್ವರ್ಡ್ ಮತ್ತೆ ಬಂದರೆ, ಕಳಿಸಿದವರಿಗೆ ಇದನ್ನೂ ಕಳಿಸಿ. ಅವರಲ್ಲಿ ಒಬ್ಬರು ನಾಳೆ ಕಳ್ಳಿ ನೆಡಲು ಹೊರಟ ರೈತರೇ ಆಗಿರಬಹುದು.