ಸಸ್ಯಲೋಕದ ಸಾಧಕಿ ಡಾ. ಇ. ಕೆ. ಜಾನಕಿ ಅಮ್ಮಾಳ್

ಶಾಲೆಯೊಂದು ನೂರು ವರ್ಷ ಪೂರೈಸುವ ಹೊತ್ತಿನಲ್ಲಿ ಅದನ್ನು ಕಟ್ಟಿದ ಹಿರಿಯರನ್ನು, ಕಲಿಸಿದ ಗುರುಗಳನ್ನು, ಬೆಂಬಲಿಸಿದ ಊರವರನ್ನು ನೆನೆಯುವುದು ನಮ್ಮ ಕರ್ತವ್ಯ. ಆ ಸ್ಮರಣೆಗೆ ಈ ಸಂಚಿಕೆಯಲ್ಲಿ ಬೇರೆ ಪುಟಗಳು ಮೀಸಲಾಗಿವೆ. ಇಲ್ಲಿ ನಾವು ನೆನೆಯಬಯಸುವುದು ನಮ್ಮ ಶಾಲೆಯ ಮೆಟ್ಟಿಲನ್ನು ಎಂದೂ ಹತ್ತದ, ಆದರೆ ನಮ್ಮ ಕರಾವಳಿಯಲ್ಲಿಯೇ ಹುಟ್ಟಿ ಬೆಳೆದ ಓರ್ವ ವಿಜ್ಞಾನಿಯನ್ನು. ನೆಕ್ರಾಜೆಯ ಮಕ್ಕಳಿಗೆ ಅವರ ಬದುಕು ಗೊತ್ತಿರಬೇಕೆಂಬುದು ನಮ್ಮ ಬಹುದಿನದ ಆಸೆ.

ಇಂದು ಪತ್ರಿಕೆ ತೆರೆದರೆ ಸಂಶೋಧನೆಯ ಸುದ್ದಿಗಳಿಗೆ ಕೊರತೆಯಿಲ್ಲ. ಒಂದು ಕಡೆ ರೋಗಗಳಿಗೆ ಹೊಸ ಔಷಧ, ಇನ್ನೊಂದು ಕಡೆ ಯಾವುದೋ ಬೇರಿನಲ್ಲಿ ದೊರೆತ ರಾಸಾಯನಿಕ, ಮತ್ತೊಂದು ಕಡೆ ಮಣ್ಣು ನೀರುಗಳಲ್ಲಿ ಸೇರಿಕೊಂಡ ವಿಷ. ವೈದ್ಯಕೀಯ, ರಸಾಯನಶಾಸ್ತ್ರ, ಪರಿಸರ ವಿಜ್ಞಾನ ಎಂದು ನಾವು ಇವನ್ನು ಬೇರೆ ಬೇರೆ ಪಾಠಗಳಾಗಿ ಕಲಿಸುತ್ತೇವೆ. ಈ ಮೂರೂ ಒಂದೇ ದಾರಿಯ ಹೆಜ್ಜೆಗಳು ಎಂಬುದನ್ನು ತನ್ನ ಬದುಕಿನಿಂದಲೇ ತೋರಿಸಿಕೊಟ್ಟವರು ಡಾ. ಜಾನಕಿ ಅಮ್ಮಾಳ್.

ಅವರು ಹುಟ್ಟಿದ್ದು 1897ರ ನವೆಂಬರ್ 4ರಂದು, ತಲಶ್ಶೇರಿಯಲ್ಲಿ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ತಲಶ್ಶೇರಿ ಮಲಬಾರಿಗೆ. ಎರಡೂ ಮದ್ರಾಸ್ ಪ್ರಾಂತ್ಯದ ನೆರೆಹೊರೆಯ ಜಿಲ್ಲೆಗಳು. ಅದೇ ಮಳೆ, ಅದೇ ಮುರಕಲ್ಲಿನ ಗುಡ್ಡ, ಅದೇ ತೆಂಗು ಕಂಗಿನ ತೋಟ. ತಂದೆ ಇ. ಕೆ. ಕೃಷ್ಣನ್ ನ್ಯಾಯಾಧೀಶರಾಗಿದ್ದರು. ಹಕ್ಕಿಗಳ ವಿಚಾರದಲ್ಲಿಯೂ ಗಿಡಮರಗಳ ವಿಚಾರದಲ್ಲಿಯೂ ಅವರಿಗೆ ಅಪಾರ ಆಸಕ್ತಿ. ಹತ್ತೊಂಬತ್ತು ಮಕ್ಕಳಿದ್ದ ಆ ದೊಡ್ಡ ಸಂಸಾರದಲ್ಲಿ ತಂದೆಯ ಕೈತೋಟವೇ ಜಾನಕಿಯ ಮೊದಲ ಪಾಠಶಾಲೆಯಾಯಿತು.

ಅಕ್ಕತಂಗಿಯರೆಲ್ಲ ಒಬ್ಬೊಬ್ಬರಾಗಿ ಮದುವೆಯಾಗಿ ಹೋಗುತ್ತಿದ್ದ ಕಾಲದಲ್ಲಿ ಜಾನಕಿ ಓದನ್ನು ಆರಿಸಿಕೊಂಡರು. ತಲಶ್ಶೇರಿಯ ಶಾಲಾ ವಿದ್ಯಾಭ್ಯಾಸದ ಬಳಿಕ ಮದರಾಸಿಗೆ ತೆರಳಿ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಕಲಿತು, 1921ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಸಸ್ಯವಿಜ್ಞಾನದ ಆನರ್ಸ್ ಪದವಿ ಪಡೆದರು. ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದಾಗ, ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನ ದೊರೆತು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. 1931ರಲ್ಲಿ ಅಲ್ಲಿಂದ ಡಾಕ್ಟರ್ ಆಫ್ ಸೈನ್ಸ್ ಪದವಿ ಬಂತು. ನಮ್ಮ ದೇಶದ ಬಹುಪಾಲು ಹೆಣ್ಣುಮಕ್ಕಳಿಗೆ ಅಕ್ಷರವೇ ದೂರವಾಗಿದ್ದ ದಿನಗಳವು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ಮರೆಯಬಾರದು.

ಅವರ ವಿಷಯ ಕೋಶವಿಜ್ಞಾನ. ಸಸ್ಯದ ಜೀವಕೋಶವನ್ನು ಸೂಕ್ಷ್ಮದರ್ಶಕದಡಿಯಲ್ಲಿ ಇಟ್ಟು ಅದರ ವರ್ಣತಂತುಗಳನ್ನು ಎಣಿಸುವುದು. ಹೊರಗಿನಿಂದ ನೋಡುವವರಿಗೆ ಇದು ನೀರಸವೆನಿಸಬಹುದು. ಆದರೆ ಒಂದು ಗಿಡದ ನೆಂಟರು ಯಾರು, ಅದು ಎಲ್ಲಿಂದ ಬಂತು, ಯಾವುದರೊಡನೆ ಅದನ್ನು ಕೂಡಿಸಬಹುದು ಎಂಬ ಪ್ರಶ್ನೆಗಳಿಗೆ ಆ ಎಣಿಕೆಯಲ್ಲಿ ಉತ್ತರವಿದೆ. ತಿರುವನಂತಪುರದಲ್ಲಿ ಎರಡು ವರ್ಷ ಪ್ರಾಧ್ಯಾಪಕಿಯಾಗಿದ್ದು, 1934ರಲ್ಲಿ ಅವರು ಕೊಯಮುತ್ತೂರಿನ ಕಬ್ಬು ತಳಿ ಕೇಂದ್ರವನ್ನು ಸೇರಿದರು. ಹೊಳೆಬದಿಯಲ್ಲಿ ತಾನಾಗಿ ಬೆಳೆಯುವ ಕಾಡುಕಬ್ಬಿನ ಮೂಲ ನೆಲ ಭಾರತವೆಂದು ನಿರೂಪಿಸುವಲ್ಲಿ ಅವರ ಅಧ್ಯಯನ ನೆರವಾಯಿತು. ಕಬ್ಬನ್ನು ಜೋಳದೊಡನೆ, ಬಿದಿರಿನೊಡನೆ, ಬೇರೆ ಹುಲ್ಲುಗಳೊಡನೆ ಸಂಕರಗೊಳಿಸಿ ಅವರು ನಡೆಸಿದ ಪ್ರಯೋಗಗಳು ಹೊರದೇಶಗಳ ವಿಜ್ಞಾನಿಗಳ ಗಮನ ಸೆಳೆದವು. ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು 1935ರಲ್ಲಿ ಅವರನ್ನು ಸದಸ್ಯೆಯನ್ನಾಗಿ ಆರಿಸಿಕೊಂಡಿತು. ಆದರೂ ಗಂಡಸರೇ ತುಂಬಿದ್ದ ಆ ವಿಜ್ಞಾನಲೋಕದಲ್ಲಿ, ಹಿಂದುಳಿದ ಸಮುದಾಯದ ಅವಿವಾಹಿತ ಹೆಣ್ಣುಮಗಳೊಬ್ಬಳ ದಾರಿ ಸಲೀಸಾಗಿರಲಿಲ್ಲ.

1940ರಲ್ಲಿ ಅವರು ಇಂಗ್ಲೆಂಡಿನ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯನ್ನು ಸೇರಿದರು. ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದ ಯುದ್ಧಕಾಲ. ರಾತ್ರಿ ಮಂಚದಡಿಯಲ್ಲಿ ಅಡಗಿ ಕೂತು, ಬೆಳಗ್ಗೆ ಒಡೆದ ಗಾಜಿನ ಚೂರುಗಳನ್ನು ಗುಡಿಸಿ ತೆಗೆದು ಮತ್ತೆ ಕೆಲಸಕ್ಕೆ ಕೂರುತ್ತಿದ್ದರೆಂದು ಅವರ ಬಂಧುಗಳು ಬರೆದಿದ್ದಾರೆ. ಈ ವರ್ಷಗಳ ಫಲವಾಗಿ 1945ರಲ್ಲಿ ಸಿ. ಡಿ. ಡಾರ್ಲಿಂಗ್ಟನ್ ಅವರೊಡನೆ ರಚಿಸಿದ, ಕೃಷಿ ಸಸ್ಯಗಳ ವರ್ಣತಂತು ಕೋಶವು ಪ್ರಕಟವಾಯಿತು. ಜಗತ್ತಿನ ಸಸ್ಯತಳಿ ವಿಜ್ಞಾನಿಗಳು ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದ ಆಕರ ಗ್ರಂಥವದು.

ಅನಂತರ ವಿಸ್ಲಿಯಲ್ಲಿರುವ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಉದ್ಯಾನದಲ್ಲಿ ಅವರು ಕೊಲ್ಚಿಸಿನ್ ಎಂಬ ವಸ್ತುವಿನ ಪರಿಣಾಮಗಳನ್ನು ಅಭ್ಯಸಿಸಿದರು. ಕೊಲ್ಚಿಸಿನ್ ಗಿಡದಿಂದಲೇ ದೊರೆಯುವ ರಾಸಾಯನಿಕ. ಎಳೆಯ ಚಿಗುರಿಗೆ ಹಚ್ಚಿದರೆ ವರ್ಣತಂತುಗಳ ಸಂಖ್ಯೆ ಇಮ್ಮಡಿಯಾಗಬಲ್ಲದು. ವೈದ್ಯರ ಕೈಯಲ್ಲಿ ಅದೇ ವಸ್ತು ಸಂಧಿನೋವಿನ ಒಂದು ಬಗೆಗೆ ಮದ್ದು, ಅಳತೆ ಮೀರಿದರೆ ಪ್ರಾಣಾಂತಿಕ ವಿಷ. ಮಳೆಗಾಲದಲ್ಲಿ ನಮ್ಮ ಊರಿನ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಬೀಜದಲ್ಲಿಯೂ ಇದೇ ಕೊಲ್ಚಿಸಿನ್ ಇದೆ. ಆ ಗೆಡ್ಡೆಯನ್ನು ಮುಟ್ಟಬೇಡ ಎಂದು ಅಜ್ಜಿಯಂದಿರು ಮಕ್ಕಳನ್ನು ಗದರುತ್ತಿದ್ದುದು ಬರಿಯ ಹೆದರಿಕೆಯಿಂದಲ್ಲ. ವಿಸ್ಲಿಯಲ್ಲಿ ಅವರು ಹೀಗೆ ಉಪಚರಿಸಿದ ಮ್ಯಾಗ್ನೋಲಿಯಾ ಸಸಿಗಳು ಮರಗಳಾಗಿ ಬೆಳೆದವು. ಅವುಗಳಲ್ಲಿ ಬಿಳಿಯ ಹೂವಿನ ಒಂದು ತಳಿಗೆ ಅವರದೇ ಹೆಸರಿದೆ.

1951ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಆಹ್ವಾನದ ಮೇರೆಗೆ ಜಾನಕಿ ಅಮ್ಮಾಳ್ ಸ್ವದೇಶಕ್ಕೆ ಮರಳಿ, ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪುನಾರಚನೆಯ ಹೊಣೆ ಹೊತ್ತರು. ನಮ್ಮ ನೆಲದ ಸಸ್ಯಗಳ ಮಾದರಿಗಳು ಆಗ ಬಹುಪಾಲು ಇಂಗ್ಲೆಂಡಿನ ಸಂಗ್ರಹಗಳಲ್ಲಿದ್ದವು. ನಮ್ಮ ಗಿಡವನ್ನು ನಮ್ಮವರೇ ಗುರುತಿಸಬೇಕು, ನಮ್ಮವರೇ ಕಾಪಾಡಬೇಕು ಎಂಬುದು ಅವರ ನಿಲುವಾಗಿತ್ತು.

ಈ ನಡುವೆ ಶಿಲ್ಲಾಂಗಿನಿಂದ 37 ಮೈಲಿ ದೂರದಲ್ಲಿ ಅಪರೂಪದ ಮ್ಯಾಗ್ನೋಲಿಯಾ ಮರವೊಂದಿದೆಯೆಂದು ತಿಳಿದು ಅವರು ಹುಡುಕಿಕೊಂಡು ಹೋದರು. ಆ ಭಾಗದಲ್ಲಿ ಆ ಜಾತಿಯ ಮರ ಅದೊಂದೇ. ಹೋಗಿ ನೋಡಿದರೆ ಮರ ಸುಟ್ಟುಹೋಗಿತ್ತು. 1955ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ, ಮನುಷ್ಯನು ಭೂಮಿಯ ಮುಖವನ್ನು ಹೇಗೆ ಬದಲಾಯಿಸುತ್ತಿದ್ದಾನೆ ಎಂಬ ವಿಷಯವಾಗಿ ವಿದ್ವಾಂಸರು ಸೇರಿದಾಗ, ಪ್ರಬಂಧ ಮಂಡಿಸಲು ಆಹ್ವಾನ ಪಡೆದಿದ್ದ ಏಕೈಕ ಮಹಿಳೆ ಅವರಾಗಿದ್ದರು. ಆಹಾರ ಹೆಚ್ಚಿಸುವ ಅವಸರದಲ್ಲಿ ಕಾಡು ಕಡಿಯುವುದರ ಅಪಾಯವನ್ನೂ, ಗಿಡಮೂಲಿಕೆಗಳ ಜ್ಞಾನವನ್ನು ಉಳಿಸಿಕೊಂಡು ಬಂದ ಬುಡಕಟ್ಟು ಜನರ ಬದುಕನ್ನೂ, ಮಾತೃಮೂಲದ ಕುಟುಂಬ ಪದ್ಧತಿಯನ್ನೂ ಅಲ್ಲಿ ಪ್ರಸ್ತಾಪಿಸಿದರು. ಅಳಿಯಸಂತಾನದ ತುಳುನಾಡಿನವರಾದ ನಮಗೆ ಈ ಕೊನೆಯ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲಿನ ವರ್ಷಗಳಲ್ಲಿ ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ, ಕೆಲಕಾಲ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ, 1970ರಿಂದ ಮದ್ರಾಸ್ ವಿಶ್ವವಿದ್ಯಾನಿಲಯದ ಮಧುರವಾಯಲ್ ಕ್ಷೇತ್ರ ಪ್ರಯೋಗಾಲಯದಲ್ಲಿ ಅವರು ದುಡಿದರು. ಔಷಧ ಸಸ್ಯಗಳು ಅವರನ್ನು ಹೆಚ್ಚು ಹೆಚ್ಚಾಗಿ ಸೆಳೆದವು. ಅವರು ಅಧ್ಯಯನ ನಡೆಸಿದ ಸಸ್ಯಕುಲಗಳಲ್ಲಿ ಕಾಡುಗೆಣಸು, ಬದನೆ, ದತ್ತೂರ, ಪುದೀನ, ಮಜ್ಜಿಗೆಹುಲ್ಲುಗಳ ಕುಲಗಳಿವೆ. ಎಲ್ಲವೂ ನಮ್ಮ ಹಿತ್ತಿಲಿಗೆ ಪರಿಚಿತವಾದವುಗಳೇ. ಕಾಡುಗೆಣಸಿನ ಕೆಲವು ಜಾತಿಗಳಲ್ಲಿರುವ ಡಯೋಸ್ಜೆನಿನ್ ಎಂಬ ವಸ್ತುವಿನಿಂದ ಹಾರ್ಮೋನು ಔಷಧಗಳನ್ನು ತಯಾರಿಸಿದ್ದಾರೆ. ದತ್ತೂರದ ಕುಲದಿಂದ ಬರುವ ಸಾರಗಳಿಗೆ ಇಂದಿಗೂ ವೈದ್ಯಕೀಯದಲ್ಲಿ ಸ್ಥಾನವಿದೆ.

ವರ್ಣತಂತುಗಳ ಎಣಿಕೆಗೂ ಔಷಧಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ನಮ್ಮ ಮನೆಗಳ ಬಜೆಯನ್ನೇ ತೆಗೆದುಕೊಳ್ಳೋಣ. ಎಳೆಯ ಮಕ್ಕಳಿಗೆ ಬಜೆ ತೇಯ್ದು ನೆಕ್ಕಿಸದ ಮನೆ ಹಿಂದೆ ನಮ್ಮಲ್ಲಿ ವಿರಳ. ನೋಟಕ್ಕೆ ಒಂದೇ ಆದ ಬಜೆಯಲ್ಲಿ ವರ್ಣತಂತುಗಳ ಎರಡು ಜೊತೆ, ಮೂರು ಜೊತೆ, ನಾಲ್ಕು ಜೊತೆ ಇರುವ ಬಗೆಗಳಿವೆ. ಬೀಟಾ ಅಸರೋನ್ ಎಂಬ ವಸ್ತು ಮೊದಲ ಬಗೆಯಲ್ಲಿ ಇಲ್ಲವೆನ್ನಬಹುದು, ಎರಡನೆಯದರಲ್ಲಿ ಕಡಿಮೆ, ಮೂರನೆಯದರಲ್ಲಿ ಹೆಚ್ಚು. ಈ ವಸ್ತು ಪ್ರಯೋಗಾಲಯದ ಇಲಿಗಳಿಗೆ ಹಾನಿ ಮಾಡಿದ್ದು ಕಂಡುಬಂದುದರಿಂದ ಹಲವು ದೇಶಗಳು ಆಹಾರದಲ್ಲಿ ಅದರ ಬಳಕೆಯನ್ನು ತಡೆದಿವೆ ಅಥವಾ ಮಿತಿಗೊಳಿಸಿವೆ. ಗಿಡದ ಹೆಸರು ತಿಳಿದರೆ ಸಾಲದು, ಯಾವ ಗಿಡ, ಯಾವ ಬಗೆ ಎಂಬುದನ್ನು ನೋಡಿ ತಿಳಿಯಬೇಕು. ಜಾನಕಿ ಅಮ್ಮಾಳ್ ಜೀವಮಾನವಿಡೀ ಮಾಡಿದ್ದು ಇದನ್ನೇ.

ಎಂಬತ್ತು ವರ್ಷ ದಾಟಿದ ಮೇಲೂ ಅವರು ವಿಶ್ರಾಂತಿ ಬಯಸಲಿಲ್ಲ. ಪಾಲಕ್ಕಾಡು ಜಿಲ್ಲೆಯ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪ್ಪುಳ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಉತ್ಪಾದಿಸುವ ಯೋಜನೆ ಬಂದಾಗ, ಸಿಂಗಳೀಕಗಳ ನೆಲೆಯಾದ ಆ ಮಳೆಕಾಡು ಮುಳುಗಬಾರದೆಂದು ಲೇಖಕರೂ ಅಧ್ಯಾಪಕರೂ ವಿಜ್ಞಾನಿಗಳೂ ದನಿಯೆತ್ತಿದರು. ಅವರೊಂದಿಗೆ ಜಾನಕಿ ಅಮ್ಮಾಳ್ ನಿಂತರು. ದನಿಗೂಡಿಸಿದ್ದಷ್ಟೇ ಅಲ್ಲ, ಆ ಕಾಡಿನ ಸಸ್ಯಗಳ ವರ್ಣತಂತು ಸಮೀಕ್ಷೆಗೂ ಕೈಹಾಕಿದರು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರ ನವೆಂಬರ್ 15ರಂದು ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಅದನ್ನು ನೋಡಲು ಅವರಿರಲಿಲ್ಲ. ಅದೇ ವರ್ಷ ಫೆಬ್ರವರಿ 7ರಂದು ಮಧುರವಾಯಲ್‌ನಲ್ಲಿ ಅವರು ಕಣ್ಮುಚ್ಚಿದ್ದರು.

ಅವರು ಸೈಲೆಂಟ್ ವ್ಯಾಲಿಗಾಗಿ ದುಡಿಯುತ್ತಿದ್ದ ದಿನಗಳಲ್ಲಿಯೇ ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಣೆ ಆರಂಭವಾಗಿತ್ತು. 2000ದವರೆಗೂ ಅದು ನಡೆಯಿತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಮೊದಲಾದ ಊರುಗಳ ಮನೆಗಳು ಅನುಭವಿಸಿದ ಸಂಕಟವನ್ನು ಈ ಸಂಚಿಕೆಯ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಜೇನುನೊಣ ಕಾಣೆಯಾದುದನ್ನು, ಕೆರೆಯ ಮೀನು ಸತ್ತುದನ್ನು ಮೊದಲು ಗಮನಿಸಿದವರು ಊರ ಜನರೇ. ನೆಲವನ್ನು ಹತ್ತಿರದಿಂದ ಬಲ್ಲ ಕಣ್ಣು ಎಷ್ಟು ಮುಖ್ಯ, ಆ ಕಣ್ಣಿನ ಮಾತನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಬಲು ದುಬಾರಿ ಬೆಲೆ ತೆತ್ತು ಕಲಿತಿದೆ.

ಇಲ್ಲಿ ನಾವು ಅಧ್ಯಾಪಕರು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ತರಗತಿಯಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಮರಾಟಿ, ಕೊಂಕಣಿ, ಬ್ಯಾರಿ ಮಾತಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಒಂದು ಎಲೆಯನ್ನು ತೋರಿಸಿದಾಗ ಮಗು ತಿಮರೆ ಎಂದರೆ, ಹಾಗಲ್ಲ, ಬ್ರಾಹ್ಮಿ ಎನ್ನು ಎಂದು ನಾವು ಎಷ್ಟೋ ಸಲ ತಿದ್ದಿದ್ದೇವೆ. ಕನ್ನಡದಲ್ಲಿ ಬ್ರಾಹ್ಮಿಯೆಂದರೆ ಸಾಮಾನ್ಯವಾಗಿ ಒಂದೆಲಗ. ಕೇರಳದ ವೈದ್ಯರಿಗೆ ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ. ಎರಡೂ ಬೇರೆ ಬೇರೆ ಗಿಡಗಳು, ಅವುಗಳ ಸತ್ವಗಳೂ ಬೇರೆ. ಎರಡು ನಾಡುಗಳ ಗಡಿಯಲ್ಲಿರುವ ನಮ್ಮಲ್ಲಿ ಬ್ರಾಹ್ಮಿ ಎಂಬ ಹೆಸರು ಎರಡು ಕಡೆಗೆ ಕೈ ತೋರಿಸುತ್ತದೆ. ಮಗು ಹೇಳಿದ ತಿಮರೆ ಮಾತ್ರ ಆ ಒಂದೇ ಗಿಡವನ್ನು ತೋರಿಸುತ್ತದೆ. ತಿದ್ದಿಸಿಕೊಳ್ಳಬೇಕಾಗಿದ್ದವರು ನಾವೇ.

ಈ ಶತಮಾನೋತ್ಸವದ ವರ್ಷದಲ್ಲಿ ಪೋಷಕರನ್ನೂ ಹಳೆ ವಿದ್ಯಾರ್ಥಿಗಳನ್ನೂ ನಾವು ಕೇಳಿಕೊಳ್ಳುವುದು ಇಷ್ಟೆ. ರಜಾದಿನದಲ್ಲಿ ಮಕ್ಕಳನ್ನು ತೋಟಕ್ಕೆ, ಗುಡ್ಡಕ್ಕೆ ಕರೆದುಕೊಂಡು ಹೋಗಿ. ಅಜ್ಜಿಯೋ ಅತ್ತೆಯೋ ಹೇಳುವ ಗಿಡದ ಹೆಸರನ್ನು ಯಾವ ಭಾಷೆಯದಾದರೂ ಕನ್ನಡ ಅಕ್ಷರದಲ್ಲಿ ಬರೆಯಿಸಿ, ಎಲ್ಲಿ ಬೆಳೆದಿತ್ತು, ಯಾವ ತಿಂಗಳಲ್ಲಿ ಹೂ ಬಿಟ್ಟಿತ್ತು ಎಂಬುದನ್ನೂ ಸೇರಿಸಿ ಶಾಲೆಗೆ ಕಳುಹಿಸಿ. ಮದ್ದೆಂದು ಯಾವುದನ್ನೂ ತಾವಾಗಿ ತಿನ್ನಬಾರದೆಂಬ ಎಚ್ಚರವನ್ನೂ ಹೇಳಿಕೊಡಿ. ಆ ಪುಸ್ತಕವನ್ನು ನಾವು ಕಾಪಾಡುತ್ತೇವೆ. ತಂದೆಯ ಕೈತೋಟದಲ್ಲಿ ಗಿಡಗಳ ನಡುವೆ ಬೆಳೆದ ತಲಶ್ಶೇರಿಯ ಬಾಲಕಿಯೊಬ್ಬಳು ಜಗತ್ತಿನ ಸಸ್ಯಗಳ ಲೆಕ್ಕ ಬರೆದಳು. ನೆಕ್ರಾಜೆಯ ಯಾವ ಹಿತ್ತಿಲಿನಲ್ಲಿ ಅಂಥ ಮಗು ಈಗ ಕೂತಿದೆಯೋ ನಾವು ಬಲ್ಲೆವೆ? ಅದು ಎದ್ದು ಬಂದು ಕೇಳುವ ಹೊತ್ತಿಗೆ ಗಿಡವೂ ಉಳಿದಿರಬೇಕು, ಗಿಡದ ಹೆಸರೂ ಉಳಿದಿರಬೇಕು.