ಎರೆಸೀಮೆಯ ಎಲಿಯಟ್ ಸಾಹೇಬರು

ಶರತ್ಕಾಲವೆಂದರೆ ಕಾವ್ಯ ಓದಿದವರಿಗೆ ತಿಳಿಯಾದ ಬಾನು, ಬೆಳ್ದಿಂಗಳು, ಹಂಸಗಳ ಸಾಲು. ನಮ್ಮ ಗದಗ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಎರೆಸೀಮೆಯಲ್ಲಿ ಅದು ಒಕ್ಕಲಿಗನ ಬಿಡುವಿಲ್ಲದ ದಿನಗಳ ಕಾಲ. ಒಂದು ಕಡೆ ಮುಂಗಾರಿ ಪೈರು ಕಣಕ್ಕೆ ಬರುತ್ತಿರುತ್ತದೆ. ಇನ್ನೊಂದು ಕಡೆ ಬಿಳಿಜೋಳ, ಕಡಲೆ, ಕುಸುಬಿಗಳ ಹಿಂಗಾರಿ ಬಿತ್ತಿಗೆ ನಡೆದಿರುತ್ತದೆ. ಈ ಗಡಿಬಿಡಿಯ ನಡುವೆಯೇ ಶಿರಹಟ್ಟಿಯ ಬಳಿಯ ಮಾಗಡಿಯ ಕೆರೆಗೆ ಬಡಗಣ ನಾಡಿನ ಅತಿಥಿಗಳು ಇಳಿಯುತ್ತವೆ. ನವೆಂಬರದ ಹೊತ್ತಿಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳು ಲಡಾಖ, ಟಿಬೆಟ್, ಮಂಗೋಲಿಯಗಳ ಶೀತಭೂಮಿಯಲ್ಲಿ ಹುಟ್ಟಿ, ಹಿಮಾಲಯವನ್ನೇ ದಾಟುವ ಹಕ್ಕಿಗಳು. ಹಗಲು ಕೆರೆಯ ನೀರಿನಲ್ಲಿ ವಿಶ್ರಮಿಸಿ, ನಸುಕು ಸಂಜೆಗಳಲ್ಲಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಮಳೆನೀರು ನಿಲ್ಲಿಸಿ ಹೊಲಕ್ಕೆ ಹಾಯಿಸಲೆಂದು ಮನುಷ್ಯರೇ ಕಟ್ಟಿಕೊಂಡ ಈ ಕೆರೆ 2024ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಯನ್ನು ಸೇರಿತು. 166ಕ್ಕಿಂತ ಹೆಚ್ಚು ಬಗೆಯ ಹಕ್ಕಿಗಳು ಇಲ್ಲಿ ಕಂಡಿವೆಯೆಂದೂ ಅವುಗಳಲ್ಲಿ 130 ವಲಸೆಯವೆಂದೂ ಲೆಕ್ಕವಾಗಿದೆ.

ಲೆಕ್ಕವೆಂದೊಡನೆ ನನಗೆ ಒಂದು ಪ್ರಶ್ನೆ ಏಳುತ್ತದೆ. ಈ ಬಯಲಿನ ಪ್ರಾಣಿಗಳನ್ನು ಮೊಟ್ಟಮೊದಲು ಕ್ರಮವಾಗಿ ನೋಡಿ, ಹೆಸರು ಕೇಳಿ, ಬರೆದಿಟ್ಟವರಾರು? ಹಕ್ಕಿಗಳ ಮಾತನ್ನು ಬದಿಗಿಟ್ಟು ನಾಲ್ಕು ಕಾಲಿನ ಪ್ರಾಣಿಗಳ ಮಟ್ಟಿಗೆ ಹೇಳುವುದಾದರೆ, ಉತ್ತರವಾಗಿ ಬರುವ ಹೆಸರು ವಾಲ್ಟರ್ ಎಲಿಯಟ್ ಸಾಹೇಬರದು. ಇತಿಹಾಸದ ವಿದ್ಯಾರ್ಥಿಗಳು ಅವರನ್ನು ಕಿತ್ತೂರಿನ ಸೆರೆಯಾಳೆಂದು ಬಲ್ಲರು; ಶಾಸನಾಭ್ಯಾಸಿಗಳು ಚಾಳುಕ್ಯರ ವಂಶಾವಳಿಯನ್ನು ಬೆಳಕಿಗೆ ತಂದವರೆಂದು ಬಲ್ಲರು. ಎರೆಹೊಲದ ಇಲಿಯ ಬಿಲವನ್ನು ಬಗ್ಗಿ ನೋಡಿದ ಎಲಿಯಟ್ಟರನ್ನು ಬಲ್ಲವರು ಕಡಿಮೆ. ಅವರ ಕಥೆಯನ್ನು ಆ ಕಡೆಯಿಂದ ಹೇಳಬೇಕೆಂಬುದು ನನ್ನ ಆಸೆ.

ಎಲಿಯಟ್ಟರು ಹುಟ್ಟಿದ್ದು 1803ರ ಜನವರಿ 16ರಂದು, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ವುಲ್ಫೆಲಿ ಎಂಬುದು ಅವರ ಮನೆತನದ ಜಮೀನು. ಹೇಲಿಬರಿಯ ಕಾಲೇಜಿನಲ್ಲಿ ಕಂಪನಿ ಸರಕಾರದ ನೌಕರಿಗೆ ತಕ್ಕ ಶಿಕ್ಷಣ ಪಡೆದು 1821ರಲ್ಲಿ ಮದರಾಸಿಗೆ ಬಂದರು. ಕೆಲಕಾಲ ಸೇಲಮ್ಮಿನಲ್ಲಿದ್ದು, ಅಲ್ಲಿಂದ ಧಾರವಾಡಕ್ಕೆ ಬಂದಾಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಪೇಶವೆಯವರ ಆಳ್ವಿಕೆ ಮುಗಿದು ಕೆಲವೇ ವರ್ಷಗಳಾಗಿದ್ದವು. ಇಂಗ್ಲಿಷರು ಈ ಕನ್ನಡ ಸೀಮೆಯನ್ನು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು. ಧಾರವಾಡದ ಸುತ್ತ ಕಂಪನಿಯ ಆಡಳಿತ. ಶಿರಹಟ್ಟಿ ಸಾಂಗಲಿಯ ಪಟವರ್ಧನರಿಗೆ, ಲಕ್ಷ್ಮೇಶ್ವರ ಮೀರಜಿನ ಪಟವರ್ಧನರಿಗೆ ಸೇರಿದ ಊರುಗಳು.

ಅವರು ಈ ಸೀಮೆಯಲ್ಲಿ ಕಳೆದ ಮೊದಲ ಶರತ್ಕಾಲಗಳಲ್ಲೊಂದು ಸೆರೆಯಲ್ಲಿ ಕಳೆಯಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದನು. ಅವನ ಕೈಕೆಳಗಿನ ಎಲಿಯಟ್ಟರೂ ಸ್ಟೀವನ್‌ಸನ್ನನೂ ರಾಣಿ ಚೆನ್ನಮ್ಮನ ಕೈಸೆರೆಯಾದರು. ಐದಾರು ವಾರ ಕಳೆದ ಮೇಲೆ, ಡಿಸೆಂಬರದ ಮೊದಲಲ್ಲಿ, ಅವರಿಬ್ಬರೂ ಕೂದಲು ಕೊಂಕದೆ ಹೊರಬಂದರು. ಕಿತ್ತೂರು ಮಾತ್ರ ಉಳಿಯಲಿಲ್ಲ. ಆ ಕೋಟೆಯಿಂದ ಜೀವಸಹಿತ ಮರಳಿದ ತರುಣನು ಈ ನಾಡನ್ನು ದ್ವೇಷಿಸಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಅವರು 1833ರ ವರೆಗೆ ಇಲ್ಲಿಯೇ ನಿಂತರು. 1826ರ ಸುಮಾರಿನಿಂದ ಊರೂರಿನ ಶಾಸನಗಳನ್ನು ಪ್ರತಿಮಾಡಿಸತೊಡಗಿದರು. ಬಂದೂಕು ಹಿಡಿದು ಬೇಟೆಯಾಡಿದರು; ಜೊತೆಗೆ ಕಾಗದ ಹಿಡಿದು ಕಂಡದ್ದನ್ನು ಬರೆದುಕೊಂಡರು.

ಆ ಬರವಣಿಗೆಯ ಫಲವಾಗಿ ದಕ್ಷಿಣ ಮರಾಠಾ ದೇಶದ ಸಸ್ತನಿಗಳ ಪಟ್ಟಿ 1839ರಲ್ಲಿ ಮದರಾಸಿನ ಸಾಹಿತ್ಯ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಸರಿಗೆ ಅದು ಪಟ್ಟಿ. ಓದಿದರೆ ನಮ್ಮ ಬಯಲಿನ ಜೀವನವೇ ಕಣ್ಣಿಗೆ ಕಟ್ಟುತ್ತದೆ. ತೋಳಗಳ ಬೇಟೆಯ ವಿವರವನ್ನೇ ನೋಡಬಹುದು. ಒಮ್ಮೆ ಮೂರು ತೋಳಗಳು ಚಿಂಕಾರಗಳ ಹಿಂಡನ್ನು ಹಳ್ಳವೊಂದರತ್ತ ಅಟ್ಟಿದವು. ಹಳ್ಳದೊಳಗೆ ಇನ್ನೆರಡು ಮೊದಲೇ ಹೊಂಚಿ ಕುಳಿತಿದ್ದವು. ಮರೆಯೇ ಇಲ್ಲದ ಬಯಲಿನಲ್ಲಿ ಒಂದು ತೋಳ ನೆಲ ಕೆದರಿ ಕುಳಿಯಲ್ಲಿ ಅಡಗುತ್ತದೆ, ಉಳಿದವು ಜಿಂಕೆಗಳನ್ನು ಅದರ ಮೇಲೆ ಹಾಯಿಸುತ್ತವೆ ಎಂಬ ರೈತರ ನಂಬಿಕೆಯನ್ನೂ ಅವರು ಬಿಡದೆ ದಾಖಲಿಸಿದರು. ಕೆಲವು ತೋಳಗಳು ನಾಯಿಗಳನ್ನು ಕೆಣಕುತ್ತಿರುವಾಗ ಉಳಿದವು ಕುರಿಯನ್ನು ಹೊತ್ತೊಯ್ಯುತ್ತವೆ ಎಂಬ ಕುರುಬರ ಮಾತನ್ನೂ ಸೇರಿಸಿದರು. ತಾವು ಕಂಡದ್ದು ಯಾವುದು, ಜನ ಹೇಳಿದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿಯೇ ಇಟ್ಟರು. ಇದು ಸಣ್ಣ ಗುಣವಲ್ಲ.

ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇಲಿಗಳ ಪ್ರಕರಣ. ದೊಡ್ಡ ಬೇಟೆಯ ಮೋಹದ ಆ ಕಾಲದಲ್ಲಿ ಇಲಿಯ ಸಂಸಾರವನ್ನು ಇಷ್ಟು ತಾಳ್ಮೆಯಿಂದ ನೋಡಿದವರು ವಿರಳ. ಕೆಂಪು ಗರಸು ನೆಲದಲ್ಲಿ ಬಿಲ ತೋಡುವ ಒಂದು ಪುಟ್ಟ ಇಲಿ ಒಳಗೆ ಹೋದ ಮೇಲೆ ಸಣ್ಣ ಹರಳುಗಳಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗಿನ ಕೋಣೆಯಲ್ಲಿಯೂ ಹರಳುಗಳದೇ ಹಾಸಿಗೆ. ಇನ್ನೊಂದು ಪೊದೆಯ ಮುಳ್ಳುಗಳ ನಡುವೆ ಒಣಹುಲ್ಲಿನ ದುಂಡನೆಯ ಗೂಡು ಹೆಣೆದು, ತಾನು ನಡೆದಾಡಿದ ಹಾದಿಯನ್ನು ಸಣ್ಣ ಕಾಲುದಾರಿಯಂತೆ ಸವೆಸುತ್ತದೆ. ಮತ್ತೊಂದು ತೆನೆಗಳನ್ನು ಕತ್ತರಿಸಿ ಬಿಲದಲ್ಲಿ ಕಣಜ ತುಂಬುತ್ತದೆ. ಇವುಗಳಿಗೆ ಜನರಾಡುವ ಹೆಸರುಗಳನ್ನು ಸಾಹೇಬರು ಕೇಳಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡರು: ಗುಲಾಂಡಿ, ಕೋಕ್, ಮೆಟ್ಟಾಡೆ.

ಈ ಮೆಟ್ಟಾಡೆಯ ಹಿಂದೆ ಒಂದು ದುಃಖದ ಕಥೆಯಿದೆ. ಬೇಸಿಗೆಯಲ್ಲಿ ಎರೆನೆಲ ಬಿರಿದಾಗ ಆ ಬಿರುಕುಗಳೇ ಅದರ ಮನೆ. ಮೊದಲ ಮಳೆಗೆ ನೆಲ ಕೂಡಿಕೊಂಡು ಬಿರುಕುಗಳು ಮುಚ್ಚುವಾಗ ಅಸಂಖ್ಯ ಇಲಿಗಳು ಒಳಗೇ ಸಾಯುತ್ತವೆ. 1826ರಲ್ಲಿ ಮೊದಲ ಮಳೆ ಸಾಲಲಿಲ್ಲ; ಇಲಿಗಳು ಸಾಯಲಿಲ್ಲ. ಬಿತ್ತಿದ ಬೀಜವನ್ನು ಬಿತ್ತಿದ ಹಾಗೆಯೇ ತಿಂದವು. ಅಳಿದುಳಿದ ಜೋಳ ಬಲಿಯುವ ಹೊತ್ತಿಗೆ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿದವು. ರೈತರು ವಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳೆಂದು ಕೂಲಿ ಗೊತ್ತಾಯಿತು. ಸಾವಿರಗಟ್ಟಲೆ ಕೊಂದರೂ ಕಡಿಮೆಯಾದಂತೆ ಕಾಣಲಿಲ್ಲ. ಹೊಲಕ್ಕೆ ಹೊಲವೇ ಹಾಳಾಗಿ ಒಕ್ಕಲಿಗರು ಕಂದಾಯ ಕಟ್ಟಲಾರದೆ ಹೋದದ್ದನ್ನು ಎಲಿಯಟ್ಟರು ತಾವೇ ಕಂಡು ಬರೆದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಅವರು ಆ ಹೊಲಗಳನ್ನು ಕಂಡದ್ದು ಬರಿಯ ಪ್ರಾಣಿಪ್ರೇಮಿಯಾಗಿ ಅಲ್ಲ, ಕಂದಾಯ ವಸೂಲಿಯ ಅಧಿಕಾರಿಯಾಗಿ. ಇಲಿಯ ಜಾತಿಯನ್ನು ಗುರುತಿಸಿದ ಕಣ್ಣೂ ರೈತನ ಬಾಕಿಯನ್ನು ಲೆಕ್ಕ ಹಾಕಿದ ಕಣ್ಣೂ ಒಂದೇ. ಹಾಗೆಂದು ಆ ನೋಟ ಸುಳ್ಳಾಗುವುದಿಲ್ಲ. ಆದರೆ ಅದರ ಹಿಂದೆ ನಿಂತ ಬೇರೆ ಕಣ್ಣುಗಳನ್ನು ನಾವು ಮರೆಯಬಾರದು. ಯಾವ ಬಿಲ ಯಾವ ಇಲಿಯದೆಂದು ಹೊರಗಿನಿಂದಲೇ ಹೇಳಬಲ್ಲವರು ವಡ್ಡರು. ಕಲ್ಲು ಒಡೆದು, ಮಣ್ಣು ಹೊತ್ತು, ಮಾಗಡಿಯಂಥ ಕೆರೆಗಳನ್ನು ತೋಡುವ ಕಸುಬಿನ ಜನ ಅವರು. ಬಿಲ ಅಗೆದು, ಅಲ್ಲಿಯ ಕಾಳನ್ನೂ ಬಿಡದೆ ಹೊಟ್ಟೆಗೆ ತಂದುಕೊಂಡವರು. ಹಸಿವು ಕಲಿಸಿದ ಆ ಪ್ರಾಣಿಶಾಸ್ತ್ರ ಸಾಹೇಬರ ಪಟ್ಟಿಯಲ್ಲಿ ಸಾಲುಸಾಲಾಗಿ ಸೇರಿದೆ.

ಎಲಿಯಟ್ಟರು 1835ರಲ್ಲಿ ಸ್ವದೇಶಕ್ಕೆ ಮುಟ್ಟಿದರು. 1837ರಲ್ಲಿ ಪ್ರಾಣಿಶಾಸ್ತ್ರಜ್ಞ ಗ್ರೇ ಧಾರವಾಡದ ಇಲಿಗಳಿಗೆ ಶಾಸ್ತ್ರೀಯ ನಾಮಕರಣ ಮಾಡಿದನು. ಗುಲಾಂಡಿಯು ಗೋಲುಂಡ ಎಲಿಯಟೈ ಆಯಿತು; ಮೆಟ್ಟಾಡೆ ಮೆಲ್ಟಡಾ ಆಯಿತು; ಕೋಕ್ ಕೋಕ್ ಆಗಿಯೇ ಉಳಿಯಿತು. ಜಗತ್ತಿನ ಯಾವ ವಿಶ್ವವಿದ್ಯಾಲಯದಲ್ಲಿ ಆ ಪೊದೆಯ ಇಲಿಯ ಪಾಠ ನಡೆದರೂ ಆ ಜೋಡಿ ಹೆಸರನ್ನೇ ಹೇಳಬೇಕು. ಅದರಲ್ಲಿ ಮೊದಲ ಪಾಲು ನಮ್ಮ ಜನರ ಬಾಯಿಯದು, ಎರಡನೆಯದು ಸಾಹೇಬರದು. ಹೇಳಿಕೊಟ್ಟವನ ಹೆಸರು ಎಲ್ಲಿಯೂ ಇಲ್ಲ. ಅವನ ಮಾತು ಮಾತ್ರ ಅಳಿಸಲಾಗದಂತೆ ಉಳಿದಿದೆ.

ಅದೇ 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಶಾಸನಗಳ ಮೇಲಿನ ಅವರ ಲೇಖನ ಬಂತು. ಚಾಳುಕ್ಯ, ಕಲಚುರಿ, ಯಾದವ ಅರಸರ ಕ್ರಮ ಅದರಿಂದ ವಿದ್ವಾಂಸರಿಗೆ ಗೋಚರವಾಯಿತು. ಅವರು ಕೂಡಿಸಿದ 595 ಶಾಸನಗಳ ಪ್ರತಿಗಳು ಮುಂದೆ ಫ್ಲೀಟರಿಗೆ ಆಧಾರವಾದವು. ಎಲಿಯಟ್ಟರು 1845ರಲ್ಲಿ ಅಮರಾವತಿಯಲ್ಲಿ ಅಗೆಸಿದ ಬೌದ್ಧ ಶಿಲ್ಪಗಳು 1859ರಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋದವು. ಇಂದಿಗೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅಲ್ಲಿ ಕಲ್ಲೇ ಹೋಯಿತು. ನಮ್ಮ ಶಾಸನಗಳ ಪ್ರತಿ ಹೋಯಿತು, ಕಲ್ಲು ಗುಡಿಯ ಮುಂದೆಯೇ ನಿಂತಿತು. ಒಬ್ಬನೇ ಮನುಷ್ಯನ ಜ್ಞಾನದಾಹಕ್ಕೆ ಈ ಎರಡು ಮುಖಗಳೂ ಇದ್ದವು. ಚಾರ್ಲ್ಸ್ ಡಾರ್ವಿನ್ನರಿಗೆ ಭಾರತದಿಂದ ಪಾರಿವಾಳಗಳ ಚರ್ಮಗಳನ್ನು ಕಳಿಸಿಕೊಟ್ಟವರೂ ಅವರೇ. 1859ರಲ್ಲಿ ಪ್ರಕಟವಾದ ಜೀವಜಾತಿಗಳ ಉಗಮದ ಗ್ರಂಥದಲ್ಲಿ ಡಾರ್ವಿನ್ನರು ಅವರನ್ನು ನೆನೆದಿದ್ದಾರೆ.

1860ರಲ್ಲಿ ನಿವೃತ್ತರಾಗಿ ಅವರು ವುಲ್ಫೆಲಿಗೆ ಮರಳಿದರು. 1878ರಲ್ಲಿ ರಾಯಲ್ ಸೊಸಾಯಿಟಿ ತನ್ನ ಸದಸ್ಯತ್ವವನ್ನು ಕೊಟ್ಟಿತು. ಮುಪ್ಪಿನಲ್ಲಿ ಕಣ್ಣು ಬಹುಮಟ್ಟಿಗೆ ಹೋಯಿತು. ಬಿಲದ ಬಾಗಿಲಿನ ಹರಳನ್ನು ಗುರುತಿಸಿದ ಆ ಕಣ್ಣುಗಳು ಮಂಜಾದ ಮೇಲೆಯೂ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥವನ್ನು ಮುಗಿಸಿದರು. 1887ರ ಮಾರ್ಚ್ 1ರಂದು ತೀರಿಕೊಂಡ ದಿನದ ಬೆಳಿಗ್ಗೆಯೂ ತಮಿಳು ಕುರಳಿನ ವಿಷಯವಾಗಿ ಪೋಪ್ ಪಂಡಿತರಿಗೆ ಪತ್ರ ಹೇಳಿ ಬರೆಸಿ, ತಮ್ಮ ಕೈಯಿಂದಲೇ ಸಹಿ ಮಾಡಿದರು.

ಅವರು ಬರೆದ ಬಯಲು ಈಗ ಬಹಳ ಬದಲಾಗಿದೆ. ಕೃಷ್ಣಮೃಗಕ್ಕಾಗಿ ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಧಾಮ ಮಾಡಬೇಕಾಯಿತು. ತೋಳ, ಕತ್ತೆಕಿರುಬಗಳಿಗೆ ಆಸರೆಯಾದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಹಿಂದೆ ಇಡೀ ಸೀಮೆಯೇ ಅವುಗಳ ಮನೆಯಾಗಿತ್ತೆಂದು ನಾವು ತಿಳಿಯುವುದು ಆ ಹಳೆಯ ಪಟ್ಟಿಯಿಂದ. ಬರೆಯದೆ ಹೋದದ್ದು ಕಳೆದದ್ದೂ ತಿಳಿಯುವುದಿಲ್ಲ.

ಆದುದರಿಂದ ನಮ್ಮ ಶಾಲೆಗಳ ಮೇಷ್ಟರಲ್ಲಿ ನನ್ನದೊಂದು ಬಿನ್ನಹ. ಹೆಬ್ಬಾತುಗಳನ್ನು ತೋರಿಸಲು ಮಕ್ಕಳನ್ನು ಕೆರೆಯ ದಂಡೆಗೆ ಕರೆದೊಯ್ಯುವಾಗ, ಬದಿಯ ಹೊಲದ ಒಕ್ಕಲಿಗನನ್ನೂ ಕುರಿ ಕಾಯುವವನನ್ನೂ ಮಾತನಾಡಿಸಲಿ. ಹಕ್ಕಿಗೂ ಹುಳಕ್ಕೂ ಇಲಿಗೂ ಅವರಿಟ್ಟ ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ. ಎಲಿಯಟ್ ಸಾಹೇಬರು ಇದಿಷ್ಟನ್ನು ಮಾಡಿದರು. ಅವರು ಬಿಟ್ಟದ್ದನ್ನೂ ಮಕ್ಕಳು ಮಾಡಲಿ: ಹೇಳಿದವರ ಹೆಸರನ್ನು ಪಕ್ಕದಲ್ಲಿ ಬರೆಯಲಿ.